ಕೆಟ್ಟ ಲ್ಯಾಪ್‌ಟಾಪಿನ ಡಿಸ್ಕಿನಿಂದ ಅಪ್ಪನ ಕಡತಗಳನ್ನು ಹೊರತೆಗೆದ ಬಗೆ

ಲ್ಯಾಪ್‌ಟಾಪ್ ಆನ್ ಆಗದೆ ಹೋದರೆ ಒಳಗಿದ್ದ ಕಡತಗಳೂ ಹೋದವೆಂದೇ ಬಹಳ ಜನ ತಿಳಿಯುತ್ತಾರೆ. ಅಪ್ಪನ ಹಳೆಯ ಲ್ಯಾಪ್‌ಟಾಪಿನಲ್ಲಿ ಸುಟ್ಟಿದ್ದು ಮದರ್‌ಬೋರ್ಡ್. ಅದನ್ನು ಬದಲಿಸುವ ಖರ್ಚಿಗೆ ಇನ್ನೊಂದು ಸೆಕೆಂಡ್ ಹ್ಯಾಂಡ್ ಯಂತ್ರವೇ ಬರುತ್ತಿತ್ತು. ನಮಗೆ ಬೇಕಾಗಿದ್ದುದು ನಿವೃತ್ತಿಯ ನಂತರ ಅವರು ಊರೂರು ತಿರುಗಿ ಸಂಗ್ರಹಿಸಿ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದ ಸೋಬಾನೆ ಪದಗಳು, ಜೊತೆಗೆ ಮನೆಯ ಫೋಟೊಗಳು. ಅವೆಲ್ಲ ಇದ್ದದ್ದು 500 ಜಿಬಿಯ ಎರಡೂವರೆ ಇಂಚಿನ ಸಾಟಾ (ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಬಗೆ) ಹಾರ್ಡ್ ಡಿಸ್ಕಿನಲ್ಲಿ.

ಬ್ಯಾಟರಿಯನ್ನು ತೆಗೆದು, ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿ ಡಿಸ್ಕನ್ನು ಹೊರಗೆಳೆಯುವುದು ಕಷ್ಟದ ಕೆಲಸವೇನಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಯುಎಸ್‌ಬಿ–ಸಾಟಾ ಕೇಬಲ್ ಒಂದನ್ನು ಕೊಂಡೆ. ಲ್ಯಾಪ್‌ಟಾಪಿನ ಡಿಸ್ಕು 5 ವೋಲ್ಟಿನಲ್ಲೇ ನಡೆಯುವುದರಿಂದ ಬೇರೆ ಅಡಾಪ್ಟರ್ ಬೇಕಿಲ್ಲ. ಡೆಸ್ಕ್‌ಟಾಪಿನ ಮೂರೂವರೆ ಇಂಚಿನ ಡಿಸ್ಕಿಗಾದರೆ 12 ವೋಲ್ಟ್ ಕೂಡ ಬೇಕು. ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದ ಮೇಲೆ ಮೊದಲು ಕಿವಿಗೊಟ್ಟು ಕೇಳಿದೆ. ಒಂದೇ ಲಯದಲ್ಲಿ ಟಿಕ್ ಟಿಕ್ ಎಂಬ ಸದ್ದು ಬರುತ್ತಿದ್ದರೆ ಅದು ಬಹುಮಟ್ಟಿಗೆ ಡಿಸ್ಕನ್ನು ಓದುವ ಭಾಗವಾದ ರೀಡ್ ಹೆಡ್ ಕೆಟ್ಟಿರುವ ಲಕ್ಷಣ. ಆಗ ತಕ್ಷಣ ಕರೆಂಟ್ ತೆಗೆದು, ಧೂಳಿಲ್ಲದ ಕ್ಲೀನ್ ರೂಮ್ ಇರುವ ತಜ್ಞರ ಬಳಿಗೆ ಒಯ್ಯಬೇಕು. ಅಂಥ ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಸಲಹೆ ಇಂದಿಗೂ ಓಡಾಡುತ್ತಿದೆ. ಹೊರತೆಗೆದಾಗ ಅದರಲ್ಲಿ ಕೂರುವ ತೇವ ಉಳಿದದ್ದನ್ನೂ ಕೆಡಿಸೀತು. ನಮ್ಮ ಡಿಸ್ಕು ಸದ್ದಿಲ್ಲದೆ ತಿರುಗಿತು.

ಆದರೆ ವಿಂಡೋಸ್ ಅದನ್ನು ತೆರೆಯದೆ, ಫಾರ್ಮ್ಯಾಟ್ ಮಾಡಬೇಕೆ ಎಂದು ಕೇಳಿತು. ಇಲ್ಲಿ ‘ಹೌದು’ ಎನ್ನುವುದು ಎಷ್ಟು ಅಪಾಯವೋ, ದುರಸ್ತಿಗೆಂದು ವಿಂಡೋಸಿನದೇ ಆದ ಚೆಕ್‌ಡಿಸ್ಕ್ ಓಡಿಸುವುದೂ ಹೆಚ್ಚುಕಡಿಮೆ ಅಷ್ಟೇ ಅಪಾಯ. ಚೆಕ್‌ಡಿಸ್ಕಿಗೆ ಕಡತವ್ಯವಸ್ಥೆಯ, ಅಂದರೆ ಯಾವ ಕಡತ ಎಲ್ಲಿದೆಯೆಂಬ ದಾಖಲೆಯ, ಲೆಕ್ಕ ಸರಿಹೊಂದುವುದು ಮುಖ್ಯ. ಲೆಕ್ಕಕ್ಕೆ ಸಿಗದ ಕಡತಗಳನ್ನು ಅದು ತುಂಡುಮಾಡಿ ಬದಿಗೆ ತಳ್ಳಲೂಬಹುದು, ಮೇಲಾಗಿ ಅದು ಆ ರೋಗಿ ಡಿಸ್ಕಿನ ಮೇಲೆಯೇ ಬರೆಯುತ್ತದೆ. ನಾನು ಕೇಬಲ್ ಕಿತ್ತು, ಪೆನ್ ಡ್ರೈವಿನಿಂದ ಉಬುಂಟು ಲೈವ್ (ಇನ್‌ಸ್ಟಾಲ್ ಮಾಡದೆಯೇ ನಡೆಯುವ ಲಿನಕ್ಸ್) ಚಾಲೂ ಮಾಡಿಕೊಂಡೆ. ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ವಿವರಗಳಲ್ಲಿ ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಎಂಬ ಸಾಲಿನ ಸಂಖ್ಯೆ ಸೊನ್ನೆಯಾಗಿರಲಿಲ್ಲ, ಅಂದರೆ ಓದಲು ಬಾರದ ಸೆಕ್ಟರುಗಳು (ಡಿಸ್ಕಿನ ಪುಟ್ಟ ಪುಟ್ಟ ಜಾಗಗಳು) ಆಗಲೇ ಹುಟ್ಟಿಕೊಂಡಿದ್ದವು.

ಇಂಥ ಡಿಸ್ಕಿನಿಂದ ಇನ್ನೆಷ್ಟು ಸಲ ಓದಬಹುದೋ ಯಾರೂ ಹೇಳಲಾರರು. ಬೇಕಾದ ಫೋಲ್ಡರನ್ನು ಹುಡುಕುತ್ತ ಅದರೊಳಗೆ ಓಡಾಡುವುದಕ್ಕಿಂತ, ಇಡೀ ಡಿಸ್ಕನ್ನು ಮೊದಲ ಸೆಕ್ಟರಿನಿಂದ ಕೊನೆಯವರೆಗೆ ಒಂದು ಇಮೇಜ್ ಕಡತವಾಗಿ ನಕಲು ಮಾಡಿಕೊಂಡು, ಹುಡುಕಾಟವನ್ನೆಲ್ಲ ಆ ನಕಲಿನಲ್ಲಿ ನಡೆಸುವುದು ಸರಿಯೆಂದು ನನ್ನ ಅಭಿಪ್ರಾಯ. ಇದಕ್ಕೆ ಗ್ನೂ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸಿದೆ. ನಕಲನ್ನಿಡಲು 1 ಟಿಬಿಯ ಹೊಸ ಡಿಸ್ಕು ತಂದು ಎಕ್ಸ್‌ಟಿ4 ಎಂಬ ಕಡತವ್ಯವಸ್ಥೆಯ ಮಾದರಿಯಲ್ಲಿ ಸಿದ್ಧಪಡಿಸಿದೆ. ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಕಡತವನ್ನು ಅದು ಹಿಡಿಯುವುದಿಲ್ಲ. ಆದೇಶದಲ್ಲಿ ಮೂಲ ಮತ್ತು ಗುರಿ ಅದಲುಬದಲಾದರೆ ಖಾಲಿ ಡಿಸ್ಕೇ ಅಪ್ಪನ ಡಿಸ್ಕಿನ ಮೇಲೆ ಬರೆದುಕೊಳ್ಳುವುದರಿಂದ, ಎಂಟರ್ ಒತ್ತುವ ಮೊದಲು ಎರಡರ ಗಾತ್ರವನ್ನೂ ಮಾಡೆಲ್ ಸಂಖ್ಯೆಯನ್ನೂ ತಾಳೆ ನೋಡಿದೆ.

ಡಿಡಿರೆಸ್ಕ್ಯೂವಿನ ಜಾಣತನವೆಲ್ಲ ಅದರ ಮ್ಯಾಪ್ ಕಡತದಲ್ಲಿದೆ. ಯಾವ ಸೆಕ್ಟರ್ ಬಂತು, ಯಾವುದು ಬರಲಿಲ್ಲ ಎಂಬುದನ್ನೆಲ್ಲ ಅದರಲ್ಲಿ ಬರೆದಿಡುವುದರಿಂದ, ನಡುವೆ ಕರೆಂಟ್ ಹೋದರೂ ನಿಲ್ಲಿಸಿದ ಕಡೆಯಿಂದ ಮುಂದುವರಿಯಬಹುದು. ಮೊದಲ ಸುತ್ತಿನಲ್ಲಿ ಕೆಟ್ಟ ಜಾಗಗಳನ್ನು ಕೆದಕದೆ ದಾಟಿಹೋಗಲು ಹೇಳಿದೆ. ಸುಲಭವಾಗಿ ಬರುವುದೆಲ್ಲ ಬಂದ ಮೇಲೆ, ಎರಡನೆಯ ಸುತ್ತಿನಲ್ಲಿ ಉಳಿದ ಜಾಗಗಳನ್ನು ಮೂರು ಸಲ ಮತ್ತೆ ಓದಲು ಹಚ್ಚಿದೆ. ಡಿಸ್ಕು ಬಿಸಿಯಾದಾಗ ನಿಲ್ಲಿಸಿ, ತಣ್ಣಗಾದ ಮೇಲೆ ಮತ್ತೆ ಹಚ್ಚುತ್ತಿದ್ದೆ. ಕೊನೆಗೆ ಬಾರದೆ ಉಳಿದದ್ದು ಬಹಳ ಸ್ವಲ್ಪ. ಅಲ್ಲಿಂದಾಚೆಗೆ ಹಳೆಯ ಡಿಸ್ಕನ್ನು ಜೋಡಿಸುವ ಅಗತ್ಯವೇ ಬೀಳಲಿಲ್ಲ.

ಇಮೇಜನ್ನು ಓದಲು ಮಾತ್ರ ಎಂಬಂತೆ ಮೌಂಟ್ ಮಾಡಿದಾಗ, ಅಂದರೆ ಡಿಸ್ಕಿನ ಹಾಗೆ ಜೋಡಿಸಿಕೊಂಡಾಗ, ‘ಯೂಸರ್ಸ್’ ಫೋಲ್ಡರ್ ಹೆಸರುಗಳ ಸಮೇತ ತೆರೆದುಕೊಂಡಿತು. ವಿಂಡೋಸಿನಲ್ಲಿ ಬೇರೆಯವರ ಖಾತೆಯ ಫೋಲ್ಡರಿಗೆ ಅಡ್ಡಬರುವ ಅನುಮತಿಯ ತಕರಾರು ಇಲ್ಲಿ ಬರಲಿಲ್ಲ. ಡಿಸ್ಕಿಗೆ ವಿಂಡೋಸಿನ ಗೂಢಲಿಪಿಯ ಬೀಗವಾದ ಬಿಟ್‌ಲಾಕರ್ ಹಾಕಿರಲಿಲ್ಲವೆಂಬುದೂ ನಮ್ಮ ಪುಣ್ಯ. ಹಾಕಿದ್ದರೆ 48 ಅಂಕಿಗಳ ರಿಕವರಿ ಕೀ ಇಲ್ಲದೆ ಇಷ್ಟೆಲ್ಲ ಮಾಡಿಯೂ ಫಲವಿರುತ್ತಿರಲಿಲ್ಲ.

ಬಾರದ ಸೆಕ್ಟರುಗಳು ಯಾವ ಕಡತಗಳಿಗೆ ಸೇರಿದ್ದವೆಂದು ತಿಳಿಯಲು ಒಂದು ಉಪಾಯವಿದೆ. ಡಿಡಿರೆಸ್ಕ್ಯೂವಿನ ಫಿಲ್ ಮೋಡ್ ಬಳಸಿ, ಇಮೇಜಿನಲ್ಲಿ ಖಾಲಿಯುಳಿದ ಜಾಗಗಳಿಗೆಲ್ಲ ಬೇರೆಲ್ಲೂ ಬಾರದಂಥ ಒಂದು ಪದವನ್ನು ತುಂಬಿಸಿ, ಆಮೇಲೆ ಆ ಪದ ಇರುವ ಕಡತಗಳನ್ನು ಗ್ರೆಪ್ ಎಂಬ ಹುಡುಕುವ ಆದೇಶದಿಂದ ಹುಡುಕಿದರೆ ಪೆಟ್ಟುಬಿದ್ದ ಕಡತಗಳ ಪಟ್ಟಿಯೇ ಸಿಗುತ್ತದೆ. ನಮ್ಮ ಪಟ್ಟಿಯಲ್ಲಿ ಹೆಚ್ಚಿನವು ವಿಂಡೋಸಿನ ಸ್ವಂತ ಕಡತಗಳು. ಕೆಲವು ಫೋಟೊಗಳು ಮಾತ್ರ ಅರ್ಧಕ್ಕೆ ಬೂದುಬಣ್ಣವಾಗಿದ್ದವು.

ಸೋಬಾನೆ ಪದಗಳ ಫೋಲ್ಡರನ್ನು ಅಪ್ಪ ಯಾವಾಗಲೋ ಅಳಿಸಿ, ಬೇರೆ ಕಡೆ ಇದೆಯೆಂದು ನಂಬಿದ್ದರು. ಅದಕ್ಕಾಗಿ ಇಮೇಜಿನ ಮೇಲೆ, ಅಳಿಸಿದ ಕಡತಗಳನ್ನು ಹುಡುಕುವ ಫೋಟೊರೆಕ್ ತಂತ್ರಾಂಶವನ್ನು ಓಡಿಸಬೇಕಾಯಿತು. ಅದು ಕಡತದ ಒಳರಚನೆಯನ್ನು ಗುರುತಿಸಿ ಎತ್ತುತ್ತದೆ. ಹೆಸರು ಉಳಿಯುವುದಿಲ್ಲ, ಸೆಕ್ಟರ್ ಸಂಖ್ಯೆಯೇ ಹೆಸರಾಗುತ್ತದೆ. ಡಿಸ್ಕಿನ ಬದಲು ಎಸ್‌ಎಸ್‌ಡಿ ಆಗಿದ್ದರೆ, ಅಳಿಸಿದ ಜಾಗವನ್ನು ಅದರ ಟ್ರಿಮ್ ಎಂಬ ವ್ಯವಸ್ಥೆ ಖಾಲಿಮಾಡಿರುವುದರಿಂದ ಬಹುಶಃ ಇಷ್ಟೂ ಸಿಗುತ್ತಿರಲಿಲ್ಲ.

ಹೀಗೆ ಬಂದ ವರ್ಡ್ ಕಡತಗಳನ್ನು ತೆರೆದರೆ ರೋಮನ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಬೆರೆತ ಸಾಲುಗಳು. ಕನ್ನಡದವರು ಇಲ್ಲಿ ಕಡತ ಕೆಟ್ಟಿದೆಯೆಂದು ಎಸೆಯಬಾರದು. ಹಳೆಯ ನುಡಿ ಫಾಂಟುಗಳು ಕನ್ನಡವನ್ನು ಲ್ಯಾಟಿನ್ ಅಕ್ಷರಗಳ ಸಂಕೇತಗಳಲ್ಲೇ ಉಳಿಸುತ್ತಿದ್ದವು. ಫಾಂಟ್ ಹಾಕಿದೊಡನೆ ಪದಗಳು ನೆಟ್ಟಗಾದವು. ಈಗ ಎಲ್ಲೆಡೆ ಬಳಕೆಯಲ್ಲಿರುವ ಅಕ್ಷರಸಂಕೇತವಾದ ಯುನಿಕೋಡಿನಲ್ಲಿ ಟೈಪ್ ಮಾಡಿ ಹುಡುಕಿದರೆ ಇಂಥ ಕಡತಗಳಲ್ಲಿ ಏನೂ ಸಿಗದ ಕಾರಣ, ಗೊತ್ತಿದ್ದ ಒಂದು ಕಡತದಿಂದ ‘ಸೋಬಾನೆ’ ಎಂಬುದರ ಸಂಕೇತರೂಪವನ್ನೇ ನಕಲಿಸಿಕೊಂಡು, ಎಲ್ಲವನ್ನೂ ಲಿಬ್ರೆಆಫೀಸಿನಿಂದ ಸಾದಾ ಪಠ್ಯವಾಗಿಸಿ ಅದರಲ್ಲಿ ಹುಡುಕಿದೆ. ಸಿಕ್ಕಿದ್ದನ್ನು ಪರಿವರ್ತಕದಲ್ಲಿ ಹಾಕಿ ಯುನಿಕೋಡಿಗೆ ತಂದಿದ್ದೇನೆ. ಅರ್ಕಾವತ್ತು ಬರುವ ಕಡೆಗಳಲ್ಲಿ ಪರಿವರ್ತಕ ಆಗಾಗ ಎಡವುತ್ತಿರುವುದರಿಂದ, ಅಪ್ಪ ಹಳೆಯ ಕಡತವನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಕರಡು ತಿದ್ದುತ್ತಿದ್ದಾರೆ.