ಪೂಲ್ ಅಪ್‌ಗ್ರೇಡ್‌ಗೆ ಆತುರ ಬೇಡ: ಮನೆಯ ಫ್ರೀಬಿಎಸ್‌ಡಿ ಸರ್ವರ್‌ನಲ್ಲಿ ಜೆಡ್‌ಎಫ್‌ಎಸ್ ಜೋಪಾನ

ಫ್ರೀಬಿಎಸ್‌ಡಿ ಎಂದರೆ ಯೂನಿಕ್ಸ್ ಬಗೆಯ ಉಚಿತ ಓಎಸ್; ಜೆಡ್‌ಎಫ್‌ಎಸ್ ಅದರಲ್ಲಿ ಫೈಲ್‌ಗಳನ್ನು ಇಡುವ ಫೈಲ್‌ಸಿಸ್ಟಂ; ಪೂಲ್ ಎಂದರೆ ಜೆಡ್‌ಎಫ್‌ಎಸ್ ಒಟ್ಟುಗೂಡಿಸಿ ಬಳಸುವ ಡಿಸ್ಕ್‌ಗಳ ಗುಂಪು. ಫ್ರೀಬಿಎಸ್‌ಡಿಯ ಹೊಸ ಆವೃತ್ತಿ ಹಾಕಿದ ಮೇಲೆ ‘ಜೆಡ್‌ಪೂಲ್ ಸ್ಟೇಟಸ್’ ಕೊಟ್ಟರೆ, ಪೂಲ್‌ನಲ್ಲಿ ಕೆಲವು ಫೀಚರ್‌ಗಳು ಆನ್ ಆಗಿಲ್ಲ, ‘ಜೆಡ್‌ಪೂಲ್ ಅಪ್‌ಗ್ರೇಡ್’ ಮಾಡಬಹುದು ಎಂಬ ಸಾಲು ಕಾಣುತ್ತದೆ. ಇದನ್ನು ದೋಷವೆಂದು ತಿಳಿದು ಆ ಕ್ಷಣವೇ ಕಮಾಂಡ್ ಒತ್ತುವವರು ಬಹಳ. ದೋಷವಲ್ಲ, ಬರೀ ತಿಳಿವಳಿಕೆ. ಪೂಲ್ ಹಾಗೆಯೇ ವರ್ಷಗಟ್ಟಲೆ ನಡೆಯುತ್ತದೆ. ಓಎಸ್ ಅಪ್‌ಗ್ರೇಡ್ ಬೇರೆ, ಪೂಲ್ ಅಪ್‌ಗ್ರೇಡ್ ಬೇರೆ. ಎರಡರ ನಡುವೆ ಮೂರು ನಾಲ್ಕು ವಾರವಾದರೂ ಬಿಡಿ.

ಕಾರಣ ಇದು. ಓಎಸ್ ಬದಲಿಸುವ ಮೊದಲು ‘ಬಿಇಸಿಟಿಎಲ್ ಕ್ರಿಯೇಟ್ ಹಿಂದಿನದು’ ಎಂದು ಒಂದು ಬೂಟ್ ಎನ್ವಿರಾನ್‌ಮೆಂಟ್ (ಈಗಿನ ಓಎಸ್‌ನ, ಬೂಟ್ ಮಾಡಬಹುದಾದ ಪ್ರತಿ) ಮಾಡಿಟ್ಟುಕೊಂಡರೆ, ಹೊಸದು ಕೈಕೊಟ್ಟಾಗ ಲೋಡರ್ ಮೆನುವಿನಿಂದ ಹಳೆಯದಕ್ಕೆ ವಾಪಸ್ ಹೋಗಬಹುದು. ಪೂಲ್ ಅಪ್‌ಗ್ರೇಡ್ ಮಾಡಿದಿರೋ, ಈ ಬಾಗಿಲು ಮುಚ್ಚಬಹುದು. ಫೀಚರ್‌ಗಳಲ್ಲಿ ಕೆಲವು ಆನ್ ಮಾಡಿದ ಕೂಡಲೇ ಆಕ್ಟಿವ್ ಆಗುತ್ತವೆ, ಕೆಲವು ಬಳಸಿದಾಗ ಮಾತ್ರ. ಆಕ್ಟಿವ್ ಆದದ್ದು ಹಳೆಯ ಕರ್ನಲ್‌ಗೆ (ಓಎಸ್‌ನ ತಿರುಳಿಗೆ) ಗೊತ್ತಿಲ್ಲದಿದ್ದರೆ ಅದು ಪೂಲನ್ನೇ ತೆರೆಯುವುದಿಲ್ಲ, ಇಲ್ಲವೇ ಓದಲು ಮಾತ್ರ ತೆರೆಯುತ್ತದೆ. ಫ್ರೀಬಿಎಸ್‌ಡಿ 13.0 ಬಂದಾಗ, 2021ರಲ್ಲಿ, ಜೆಡ್‌ಎಫ್‌ಎಸ್‌ನ ಮೂಲವೇ ಓಪನ್‌ಜೆಡ್‌ಎಫ್‌ಎಸ್ 2.0ಕ್ಕೆ ಬದಲಾಯಿತು; 12ರಿಂದ ಬಂದು ಕೂಡಲೇ ಪೂಲ್ ಏರಿಸಿದವರಿಗೆ 12ಕ್ಕೆ ಮರಳುವ ದಾರಿ ಉಳಿಯಲಿಲ್ಲ.

ಮೊದಲು ಕರೆಂಟಿನ ವಿಚಾರ. ಮೈಸೂರು, ಮಂಡ್ಯದಲ್ಲಿ ಭರಣಿ, ಕೃತ್ತಿಕೆ ಮಳೆಯ ದಿನಗಳೆಂದರೆ ಸಂಜೆಯಾದರೆ ಗುಡುಗು ಸಿಡಿಲು. ಈ ಕೆಲಸವನ್ನು ಬೆಳಿಗ್ಗೆ ತಿಂಡಿ ಮುಗಿಸಿ ಹಿಡಿಯಿರಿ. ಮನೆಯ ಇನ್ವರ್ಟರ್ ಒಂದನ್ನೇ ನಂಬಬೇಡಿ: ಸಾಮಾನ್ಯ ಮೋಡ್‌ನಲ್ಲಿ ಅದು ಬ್ಯಾಟರಿಗೆ ತಿರುಗುವ ಹೊತ್ತಿಗೆ ಸರ್ವರ್ ರೀಸ್ಟಾರ್ಟ್ ಆಗಿಬಿಡಬಹುದು. ಇನ್ವರ್ಟರ್‌ನ ಹಿಂಬದಿಯಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದಕ್ಕೆ ಹಾಕಿ. ಯುಎಸ್‌ಬಿ ಇರುವ 600 ವಿಎ ಯುಪಿಎಸ್ ಒಂದನ್ನು ಸರ್ವರ್‌ಗೆಂದೇ ಇಟ್ಟು, ಯುಪಿಎಸ್ ಮೇಲೆ ಕಣ್ಣಿಡುವ ‘ನಟ್’ ಪ್ಯಾಕೇಜ್ ಹಾಕಿ, ಬ್ಯಾಟರಿ ಇಳಿದಾಗ ತಾನೇ ಶಟ್‌ಡೌನ್ ಆಗುವಂತೆ ಮಾಡಿದರೆ ಇನ್ನೂ ಒಳ್ಳೆಯದು. ಸ್ಕ್ವೇರ್ ವೇವ್ ಇನ್ವರ್ಟರ್ ಹಿಂದೆ ಇಂಥ ಯುಪಿಎಸ್ ಸಿಕ್ಕಿಸಿದರೆ, ಬರುತ್ತಿರುವುದು ಕೆಟ್ಟ ಕರೆಂಟೆಂದು ತಿಳಿದು ತನ್ನ ಬ್ಯಾಟರಿಯನ್ನೇ ಖಾಲಿ ಮಾಡಿಕೊಳ್ಳಬಹುದು. ಸೈನ್ ವೇವ್ ಇರಲಿ.

ಜೆಡ್‌ಎಫ್‌ಎಸ್ ಹಳೆಯ ಬ್ಲಾಕ್‌ನ ಮೇಲೆಯೇ ಬರೆಯುವುದಿಲ್ಲ, ಹೊಸ ಜಾಗದಲ್ಲಿ ಬರೆದು ಆಮೇಲೆ ಕೊಂಡಿ ಬದಲಿಸುತ್ತದೆ. ಹಾಗಾಗಿ ಕರೆಂಟು ಹೋದರೂ ಸಾಮಾನ್ಯವಾಗಿ ಕೆಡುವುದಿಲ್ಲ. ಕೆಡುವುದು, ಬರೆದಿದ್ದೇನೆ ಎಂದು ಡಿಸ್ಕ್ ಸುಳ್ಳು ಹೇಳಿದಾಗ. ಅಗ್ಗದ ಯುಎಸ್‌ಬಿ ಡಬ್ಬಿಗಳಿಗೆ ಈ ಚಾಳಿ ಇರುತ್ತದೆ. ಮುಖ್ಯ ಪೂಲ್ ಅವುಗಳಲ್ಲಿ ಬೇಡ.

ಈಗ ಪೂಲ್ ಏರಿಸುವ ದಿನ

ಹಿಂದಿನ ರಾತ್ರಿಯೇ ‘ಜೆಡ್‌ಪೂಲ್ ಸ್ಕ್ರಬ್ ಜೆಡ್‌ರೂಟ್’ ಕೊಟ್ಟು ಮಲಗಿ. ಸ್ಕ್ರಬ್ ಎಂದರೆ ಬರೆದದ್ದನ್ನೆಲ್ಲ ಓದಿ ಪರೀಕ್ಷಿಸುವುದು; ಜೆಡ್‌ರೂಟ್ ಇಲ್ಲಿ ಪೂಲ್‌ನ ಹೆಸರು. 4 ಟಿಬಿಯ ಎರಡು ಡಿಸ್ಕ್‌ಗಳ ಮಿರರ್‌ನಲ್ಲಿ (ಎರಡರಲ್ಲೂ ಒಂದೇ ಮಾಹಿತಿ) 2.5 ಟಿಬಿ ತುಂಬಿದ್ದರೆ ಸುಮಾರು ಐದು ಗಂಟೆ ಹಿಡಿಯುತ್ತದೆ. ಬೆಳಿಗ್ಗೆ ‘ಜೆಡ್‌ಪೂಲ್ ಸ್ಟೇಟಸ್’ನಲ್ಲಿ ರೀಡ್, ರೈಟ್, ಚೆಕ್‌ಸಮ್ ಮೂರೂ ಕಾಲಂ ಸೊನ್ನೆ ಇರಬೇಕು. ಒಂದೇ ಡಿಸ್ಕ್‌ನಲ್ಲಿ ಚೆಕ್‌ಸಮ್ ಏರಿದ್ದರೆ ಡಿಸ್ಕ್‌ನ ಆರೋಗ್ಯ ತೋರಿಸುವ ‘ಸ್ಮಾರ್ಟ್‌ಸಿಟಿಎಲ್’ನಲ್ಲಿ 199ನೇ ಸಾಲು ನೋಡಿ: ಅದು ಏರುತ್ತಿದ್ದರೆ ಡಿಸ್ಕ್‌ಗಿಂತ ಸಾಟಾ ಕೇಬಲ್ ಮೇಲೆ ಅನುಮಾನ. ಕೆಟ್ಟ ಸೆಕ್ಟರ್‌ಗಳ ಲೆಕ್ಕವಾದ 5, 197, 198 ಏರುತ್ತಿದ್ದರೆ ಡಿಸ್ಕ್ ಬದಲಿಸಿ. ಎರಡೂ ಡಿಸ್ಕ್‌ಗಳಲ್ಲಿ ಒಟ್ಟಿಗೇ ಏರಿದರೆ ರ‍್ಯಾಮ್, ಪವರ್ ಸಪ್ಲೈ, ಕಂಟ್ರೋಲರ್ ಕಡೆ ಹೋಗಿ. ಇವು ಸರಿಹೋಗುವವರೆಗೆ ಅಪ್‌ಗ್ರೇಡ್ ಮುಟ್ಟಬೇಡಿ.

ಬ್ಯಾಕಪ್ ಡಿಸ್ಕ್‌ಗೆ ‘ಜೆಡ್‌ಎಫ್‌ಎಸ್ ಸೆಂಡ್’ (ಪ್ರತಿ ಕಳಿಸುವ ಕಮಾಂಡ್) ಮುಗಿದಿರಲಿ, ಅದರಿಂದ ಒಂದೆರಡು ಫೈಲ್ ತೆರೆದು ನೋಡಿರಿ. ಮೈಸೂರಿನ ಮನೆಯ ಬ್ಯಾಕಪ್ ಮಂಡ್ಯದ ನೆಂಟರ ಮನೆಯ ಬೀರುವಿನಲ್ಲಿದ್ದರೆ ಕಳ್ಳತನಕ್ಕೂ ಸಿಡಿಲಿಗೂ ಉತ್ತರವಾಯಿತು. ಆ ಬ್ಯಾಕಪ್ ಪೂಲನ್ನು ಮಾತ್ರ ಈ ದಿನ ಅಪ್‌ಗ್ರೇಡ್ ಮಾಡಬೇಡಿ.

ಪೂಲ್ ಹೆಸರು ಕೊಡದೆ ‘ಜೆಡ್‌ಪೂಲ್ ಅಪ್‌ಗ್ರೇಡ್’ ಎಂದಷ್ಟೇ ಹೇಳಿದರೆ ಯಾವ ಫೀಚರ್ ಬಾಕಿ ಎಂದು ತೋರಿಸುತ್ತದೆ, ಏನನ್ನೂ ಬದಲಿಸುವುದಿಲ್ಲ. ಇದನ್ನು ಓದಿದ ಮೇಲೆ ‘ಜೆಡ್‌ಪೂಲ್ ಚೆಕ್‌ಪಾಯಿಂಟ್ ಜೆಡ್‌ರೂಟ್’ ಕೊಡಿ. ಇದು ಇಡೀ ಪೂಲ್‌ನ ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುತ್ತದೆ. ಫೀಚರ್‌ಗಳನ್ನು ಹಿಂದಕ್ಕೆ ತರಲು ಇರುವ ದಾರಿ ಇದು. ಬೇಕಾದಾಗ ಹೊಸ ಆವೃತ್ತಿಯ ಯುಎಸ್‌ಬಿಯಿಂದ ಬೂಟ್ ಮಾಡಿ, ‘ರಿವೈಂಡ್-ಟು-ಚೆಕ್‌ಪಾಯಿಂಟ್’ ಆಯ್ಕೆಯೊಡನೆ ಪೂಲ್ ಇಂಪೋರ್ಟ್ ಮಾಡಬೇಕು. ಚೆಕ್‌ಪಾಯಿಂಟ್ ಆದ ಮೇಲೆ ಬರೆದದ್ದೆಲ್ಲ ಆಗ ಹೋಗುತ್ತದೆ. ಇದು ಇರುವಷ್ಟು ದಿನ ಅಳಿಸಿದ ಫೈಲ್‌ಗಳ ಜಾಗ ಬಿಡುವಾಗುವುದಿಲ್ಲ, ಮಿರರ್‌ಗೆ ಡಿಸ್ಕ್ ಸೇರಿಸುವುದು, ತೆಗೆಯುವುದೂ ಆಗುವುದಿಲ್ಲ. ಎರಡು ಮೂರು ದಿನ ಇಟ್ಟು ‘ಜೆಡ್‌ಪೂಲ್ ಚೆಕ್‌ಪಾಯಿಂಟ್ -ಡಿ ಜೆಡ್‌ರೂಟ್’ ಎಂದು ತೆಗೆದುಹಾಕಿ.

ಮುಂದಿನದು ಬೂಟ್‌ಕೋಡ್, ಅಂದರೆ ಯಂತ್ರ ಆನ್ ಆದಾಗ ಮೊದಲು ಓಡಿ ಓಎಸ್ ಎಬ್ಬಿಸುವ ಪುಟ್ಟ ಪ್ರೋಗ್ರಾಂ. ಇದನ್ನು ಪೂಲ್ ಏರಿಸುವ ಮೊದಲೇ ಮಾಡಿ: ಹೊಸ ಬೂಟ್‌ಕೋಡ್ ಹಳೆಯ ಪೂಲನ್ನು ಓದುತ್ತದೆ, ಹಳೆಯ ಬೂಟ್‌ಕೋಡ್ ಹೊಸ ಪೂಲನ್ನು ಓದುತ್ತದೆಂಬ ಖಾತ್ರಿಯಿಲ್ಲ. ‘ಜಿಪಾರ್ಟ್ ಶೋ’ದಲ್ಲಿ ಫ್ರೀಬಿಎಸ್‌ಡಿ-ಬೂಟ್ ಪಾರ್ಟಿಷನ್‌ನ ಸಂಖ್ಯೆ ನೋಡಿ. ಅದು 2 ಆಗಿದ್ದರೆ ‘ಜಿಪಾರ್ಟ್ ಬೂಟ್‌ಕೋಡ್ -ಬಿ /ಬೂಟ್/ಪಿಎಂಬಿಆರ್ -ಪಿ /ಬೂಟ್/ಜಿಪಿಟಿಜೆಡ್‌ಎಫ್‌ಎಸ್‌ಬೂಟ್ -ಐ 2 ಎಡಿಎ0’. ಎಡಿಎ0 ಮೊದಲ ಡಿಸ್ಕ್; ಬಳಿಕ ಎರಡನೇ ಡಿಸ್ಕ್ ಎಡಿಎ1ಕ್ಕೂ ಅದೇ. ಕಣ್ಣುಮುಚ್ಚಿ ‘-ಐ 1’ ಎಂದು ನಕಲು ಮಾಡಿದರೆ, ಮೊದಲ ಪಾರ್ಟಿಷನ್ ಇಎಫ್‌ಐ ಆಗಿರುವ ಯಂತ್ರದಲ್ಲಿ ಅದನ್ನೇ ಅಳಿಸಿ ಬರೆದಂತಾಗುತ್ತದೆ. ಯುಇಎಫ್‌ಐ (ಹಳೆಯ ಬಯೋಸ್ ಜಾಗಕ್ಕೆ ಬಂದ ಬೂಟ್ ವಿಧಾನ) ಯಂತ್ರವಾದರೆ ಇಎಫ್‌ಐ ಪಾರ್ಟಿಷನ್ ಮೌಂಟ್ ಮಾಡಿ, ಅಲ್ಲಿ ಈಗಾಗಲೇ ಇರುವ ಲೋಡರ್ ಫೈಲ್‌ಗಳ ಜಾಗಕ್ಕೆ ‘/ಬೂಟ್/ಲೋಡರ್.ಇಎಫ್‌ಐ’ ನಕಲು ಮಾಡಿ. ಎರಡನೇ ಡಿಸ್ಕ್ ಮರೆತರೆ ತಕ್ಷಣ ಗೊತ್ತಾಗುವುದಿಲ್ಲ. ಮೊದಲ ಡಿಸ್ಕ್ ಸತ್ತ ದಿನ ಗೊತ್ತಾಗುತ್ತದೆ.

ಆಮೇಲೆ ‘ಜೆಡ್‌ಪೂಲ್ ಅಪ್‌ಗ್ರೇಡ್ ಜೆಡ್‌ರೂಟ್’, ರೀಬೂಟ್. ಕ್ಷಣದ ಕೆಲಸ.

ನಿತ್ಯದ ನಿಗಾ

‘ಪೀರಿಯಾಡಿಕ್.ಕಾನ್ಫ್’ನಲ್ಲಿ ‘ಡೈಲಿ_ಸ್ಕ್ರಬ್_ಜೆಡ್‌ಎಫ್‌ಎಸ್_ಎನೇಬಲ್’ ಸಾಲನ್ನು ‘ಯೆಸ್’ ಮಾಡಿದರೆ 35 ದಿನಕ್ಕೊಮ್ಮೆ ಸ್ಕ್ರಬ್ ತಾನೇ ನಡೆಯುತ್ತದೆ. ಪೂಲ್ 80% ದಾಟಿದರೆ ಜಾಗ ಮಾಡಿ. ಹೊಸ ಡಿಸ್ಕ್ ಕೊಳ್ಳುವಾಗ ಅಂಗಡಿಯಲ್ಲಿ ಸಿಎಂಆರ್ (ಬರೆಯುವ ಪಟ್ಟಿಗಳು ಒಂದರ ಮೇಲೊಂದು ಬೀಳದ ಬಗೆ) ಎಂದೇ ಕೇಳಿ. ಪಟ್ಟಿಗಳು ಒಂದರ ಮೇಲೊಂದು ಬೀಳುವ ಎಸ್‌ಎಂಆರ್ ಡಿಸ್ಕ್‌ಗೆ ರೀಸಿಲ್ವರ್ (ಬದಲಿ ಡಿಸ್ಕ್‌ಗೆ ಮಾಹಿತಿ ತುಂಬುವುದು) ದಿನಗಟ್ಟಲೆ ಎಳೆಯಬಹುದು.

ಹಳೆಯ ಲ್ಯಾಪ್‌ಟಾಪ್‌ನಲ್ಲಿ ಡೆಬಿಯನ್ ಲಿನಕ್ಸ್, ಇಎಕ್ಸ್‌ಟಿ4 ಫೈಲ್‌ಸಿಸ್ಟಂ ಇಟ್ಟುಕೊಂಡವರು ‘ಟ್ಯೂನ್2ಎಫ್‌ಎಸ್ -ಎಲ್’ ಕೊಟ್ಟು ಐನೋಡ್ (ಪ್ರತಿ ಫೈಲ್‌ನ ವಿವರ ಇಡುವ ದಾಖಲೆ) ಸೈಜ್ ನೋಡಿ. 128 ಇದ್ದರೆ ಫೈಲ್‌ಗಳ ದಿನಾಂಕ 2038ರ ಜನವರಿ 19ರಾಚೆ ಹೋಗುವುದಿಲ್ಲ. 256 ಇರುವ ಹೊಸ ಫೈಲ್‌ಸಿಸ್ಟಂ ಮಾಡಿ ನಕಲು ಮಾಡಿಕೊಳ್ಳುವುದೇ ನೇರ ದಾರಿ. ಮೌಂಟ್ ಆಗಿರುವಾಗ ‘ಎಫ್‌ಎಸ್‌ಸಿಕೆ’ ಓಡಿಸಿ ರಿಪೇರಿಗೆ ಕೈಹಾಕಬೇಡಿ, ಚೆನ್ನಾಗಿರುವುದೂ ಹಾಳಾಗುತ್ತದೆ.

ವರ್ಷಕ್ಕೊಮ್ಮೆ ಡಬ್ಬಿ ಬಿಚ್ಚಿ ಧೂಳು ತೆಗೆಯಲು ಆಯುಧಪೂಜೆಗಿಂತ ಒಳ್ಳೆಯ ದಿನ ಬೇರೆ ಬೇಕಿಲ್ಲ, ಹೇಗೂ ಆಫ್ ಮಾಡಿರುತ್ತೀರಿ. ಕೇಬಲ್‌ಗಳನ್ನು ಒತ್ತಿ ಕೂರಿಸಿ. ಅರಿಶಿನ ಕುಂಕುಮ ಡಬ್ಬಿಯ ನೆತ್ತಿಗೆ ಇರಲಿ, ಫ್ಯಾನ್ ಗಾಳಿ ಎಳೆದುಕೊಳ್ಳುವ ಜಾಲರಿಗೆ ಬೇಡ. ಆನ್ ಮಾಡಿದ ಮೇಲೆ ‘ಜೆಡ್‌ಪೂಲ್ ಸ್ಟೇಟಸ್’ನಲ್ಲಿ ಎರಡೂ ಡಿಸ್ಕ್ ‘ಆನ್‌ಲೈನ್’ ಇವೆಯೇ ಎಂದು ನೋಡಿ.