ಮೂರು ತಿಂಗಳಿಗೆಂದು ಕಾರವಾರಕ್ಕೆ ಬಂದೆ

2020ರ ಮಾರ್ಚ್‌ನಲ್ಲಿ ನನ್ನ ಸೂಟ್‌ಕೇಸ್ ಸರಿಯಾಗಿ 23 ಕೆ.ಜಿ. ತೂಗುತ್ತಿತ್ತು. ಜಾಸ್ತಿಯಾದರೆ ವಿಮಾನದವರು ದುಡ್ಡು ಕೇಳುತ್ತಾರೆ ಅಂತ ಕಾನ್ವೆಂಟಿನಲ್ಲಿ ಅಕ್ಕಿ ಮೂಟೆ ತೂಗುವ ತಕ್ಕಡಿ ಮೇಲಿಟ್ಟು ಮೂರು ಸಲ ನೋಡಿದ್ದೆ. ಒಳಗೆ ನಾಲ್ಕು ಸೀರೆ, ಬಿ.ಪಿ. ನೋಡುವ ಯಂತ್ರ, ಎರಡು ಕೆ.ಜಿ. ರಾಗಿ ಹಿಟ್ಟು, ಒಂದು ಸ್ವಾಹಿಲಿ ಕಲಿಯುವ ಪುಸ್ತಕ. ಬೈಬಲ್ ಕೈಚೀಲದಲ್ಲಿ. ಬೈಬಲ್ ಒಳಗೆ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಹಳದಿ ಕಾರ್ಡು.

ನಾನು ಹೋಗಬೇಕಾಗಿದ್ದದ್ದು ತಾಂಜಾನಿಯಾಕ್ಕೆ. ನಾನು ಧರ್ಮಭಗಿನಿ, ಕೆಲಸದಲ್ಲಿ ನರ್ಸು. ಊರು ಕನಕಪುರದ ಕಡೆ. ತಾಂಜಾನಿಯಾದಲ್ಲಿ ಹನ್ನೊಂದು ವರ್ಷ ಇದ್ದು ಬಂದ ವಯಸ್ಸಾದ ಸಿಸ್ಟರ್ ಒಬ್ಬರು ವರ್ಷವಿಡೀ ನನಗೆ ಅಲ್ಲಿನ ಭಾಷೆ ಸ್ವಾಹಿಲಿ ಹೇಳಿಕೊಟ್ಟಿದ್ದರು. ಟಿಕೆಟ್ ಏಪ್ರಿಲ್‌ಗೆ. ಮಾರ್ಚ್ 22ಕ್ಕೆ ವಿದೇಶದ ವಿಮಾನಗಳೆಲ್ಲ ನಿಂತವು.

ಇಂಥ ಬರಹಗಳಲ್ಲಿ ಈ ಜಾಗಕ್ಕೆ ಬಂದಾಗ 'ದೇವರ ಚಿತ್ತವೆಂದು ಒಪ್ಪಿಕೊಂಡೆ' ಅಂತ ಬರೆಯುವುದು ರೂಢಿ. ನಾನು ಒಪ್ಪಿಕೊಳ್ಳಲಿಲ್ಲ. ಆರು ತಿಂಗಳು ಸೂಟ್‌ಕೇಸ್ ಬಿಚ್ಚಲೇ ಇಲ್ಲ. ರಾಗಿ ಹಿಟ್ಟಿಗೆ ಹುಳ ಬಿತ್ತು.

ಸೆಪ್ಟೆಂಬರ್‌ನಲ್ಲಿ ಪ್ರಾವಿನ್ಶಿಯಲ್, ಅಂದರೆ ನಮ್ಮ ಪ್ರಾಂತ್ಯದ ಸಿಸ್ಟರ್‌ಗಳ ಮುಖ್ಯಸ್ಥೆ, ಕರೆದು, "ಕಾರವಾರದಲ್ಲಿ ನರ್ಸ್ ಬೇಕಾಗಿದ್ದಾರೆ, ಒಂದು ಮೂರು ತಿಂಗಳು ಹೋಗಿ ಬನ್ನಿ, ಆಮೇಲೆ ನೋಡೋಣ" ಅಂದರು. ನಮ್ಮದು ವಿಧೇಯತೆಯ ವ್ರತ. ಮೇಲಿನವರ ಮಾತಿನಲ್ಲೇ ದೇವರ ಚಿತ್ತ ಇದೆ ಅಂತ ಸಿಸ್ಟರ್ ಆಗುವ ಮೊದಲಿನ ತರಬೇತಿಯಲ್ಲಿ, ನೊವಿಶಿಯೇಟ್‌ನಲ್ಲಿ, ಹೇಳಿಕೊಡುತ್ತಾರೆ. ಹೇಳಿದಷ್ಟು ಸುಲಭ ಅಲ್ಲ ಅದು. ನಾನಂತೂ ಹಲ್ಲು ಕಚ್ಚಿಕೊಂಡೇ ಬಸ್ ಹತ್ತಿದೆ.

ಕಾರವಾರಕ್ಕೆ ಬಂದರೆ ಇಲ್ಲಿ ಸುತ್ತಲೂ ಕೊಂಕಣಿ. ವರ್ಷವಿಡೀ ಸ್ವಾಹಿಲಿ ಕಲಿತವಳಿಗೆ ಕರ್ನಾಟಕದೊಳಗೇ ಮಾತು ಬರದ ಹಾಗಾಯಿತು. ಎಲ್ಲರಿಗೂ ಕನ್ನಡ ಬರುತ್ತದೆ, ನಿಜ. ಆದರೆ ಹಾಸಿಗೆ ಹಿಡಿದ ಅಜ್ಜಿಗೆ ನೋವು ಬಂದಾಗ ಬಾಯಿಗೆ ಬರುವುದು ಅವಳ ಮನೆಮಾತು. ಹಾಗಾಗಿ ಮೊದಲು ಕಲಿತದ್ದು 'ಖಂಯ್ ದುಖ್ತಾ?' ಎಲ್ಲಿ ನೋಯುತ್ತದೆ? ಎರಡನೆಯದು 'ಸವ್ಕಾಸ್'. ನಿಧಾನ. ಸ್ವಾಹಿಲಿಯಲ್ಲಿ ನಾನು ಮೊದಲು ಕಲಿತಿದ್ದೂ ಅದೇ, 'ಪೋಲೆ ಪೋಲೆ'.

ಮೂರು ತಿಂಗಳು ಆರಾಯಿತು, ವರ್ಷವಾಯಿತು. ವಿಮಾನ ಮತ್ತೆ ಶುರುವಾದವು. ಅಷ್ಟರಲ್ಲಿ ತಾಂಜಾನಿಯಾಕ್ಕೆ ಬೇರೆ ಸಿಸ್ಟರ್ ಒಬ್ಬರನ್ನು ಆರಿಸಿದ್ದರು, ನನಗಿಂತ ಚಿಕ್ಕವರು. ಆ ಸುದ್ದಿ ನನಗೆ ಊಟದ ಮೇಜಿನಲ್ಲಿ, ಸಾರು ಬಡಿಸಿಕೊಳ್ಳುವಾಗ, ಬೇರೆಯವರ ಬಾಯಿಂದ ಗೊತ್ತಾಯಿತು. ಅವತ್ತು ರಾತ್ರಿ ನಮ್ಮ ಧರ್ಮಭಗಿನಿಯರ ಸಭೆಯನ್ನೇ ಬಿಟ್ಟು ಹೋಗುತ್ತೇನೆ ಅಂತ ಎರಡು ಪುಟ ಕಾಗದ ಬರೆದೆ.

ಆ ಕಾಗದ ಹೋಗದೆ ಉಳಿದದ್ದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕೆಂದರೆ ನಂಬಿಕೆ ಅಂತ ನಾನು ಏನಾದರೂ ಮಾಡಿದ್ದಿದ್ದರೆ ಅದು ಇಷ್ಟೇ. ಧ್ಯಾನಕೂಟ ನಡೆಸುವ ಹಿರಿಯ ಫಾದರ್ ಒಬ್ಬರಿಗೆ ಫೋನ್ ಮಾಡಿ ಕಾಗದವನ್ನು ಪೂರ್ತಿ ಓದಿ ಹೇಳಿದೆ. ಅವರು ಸಮಾಧಾನ ಹೇಳಲಿಲ್ಲ. ಯೇಸುಸಭೆ ಕಟ್ಟಿದ ಸಂತ ಇಗ್ನೇಷಿಯಸ್ ಹೇಳಿದ್ದೊಂದು ನಿಯಮ ನೆನಪಿಸಿದರು: ಮನಸ್ಸು ಕತ್ತಲೆಯಲ್ಲಿ ಇರುವಾಗ ಹಿಂದೆ ಬೆಳಕಿನಲ್ಲಿ ಮಾಡಿದ ನಿರ್ಧಾರ ಬದಲಾಯಿಸಬೇಡ. "ಕಾಗದ ಹರಿಯಬೇಡ, ಕಳಿಸಲೂ ಬೇಡ. ನಲವತ್ತು ದಿನ ಇಟ್ಟುಕೋ" ಅಂದರು. ಡ್ರೆಸಿಂಗ್ ಸಾಮಾನಿನ ಡಬ್ಬದ ತಳದಲ್ಲಿ ಇಟ್ಟೆ. ದಿನಾ ಹತ್ತಿ, ಗಾಜ್ ಬಟ್ಟೆ ತೆಗೆಯುವಾಗ ಕಣ್ಣಿಗೆ ಬೀಳುತ್ತಿತ್ತು.

ಆ ನಲವತ್ತು ದಿನ ಪ್ರಾರ್ಥನೆಯಲ್ಲಿ ನನಗೆ ಮಾತೇ ಇರಲಿಲ್ಲ. ಹದಿಮೂರನೆಯ ಕೀರ್ತನೆ ಒಂದೇ ಓದುತ್ತಿದ್ದೆ. 'ಇನ್ನೂ ಎಷ್ಟು ಕಾಲ' ಅಂತ ದೇವರನ್ನೇ ಕೇಳುವ ಕೀರ್ತನೆ ಅದು. ಬೈಬಲ್‌ನಲ್ಲಿ ದೇವರ ಜೊತೆ ಜಗಳ ಇಷ್ಟೊಂದು ಇದೆ, ನಾವು ಚರ್ಚಿನಲ್ಲಿ ಅದನ್ನು ಯಾಕೆ ಇಷ್ಟು ಮೆಲ್ಲಗೆ ಓದುತ್ತೇವೋ ಗೊತ್ತಿಲ್ಲ. ರಾತ್ರಿ ಹತ್ತು ನಿಮಿಷ ಕೂತು, ಅವತ್ತು ನಾನು ಅಂದುಕೊಳ್ಳದೆ ನಡೆದದ್ದೊಂದನ್ನು ಡೈರಿಯಲ್ಲಿ ಒಂದು ಸಾಲು ಬರೆಯುತ್ತಿದ್ದೆ. 'ಮಾಜಾಳಿಯ ಅಜ್ಜ ಇವತ್ತು ನಕ್ಕರು.' 'ಮಳೆಯಲ್ಲಿ ಸ್ಕೂಟರ್ ನಿಂತಿತು, ಮೀನು ಮಾರುವಾಕೆ ತಳ್ಳಿದಳು.' ಇಂಥವು. ನಲವತ್ತೊಂದನೆಯ ದಿನ ಕಾಗದದ ನೆನಪಾಗಲಿಲ್ಲ. ಅದರ ಮೇಲೆ ಅಯೋಡಿನ್ ಚೆಲ್ಲಿ ಅಕ್ಷರ ಹೋಗಿತ್ತು ಅಂತ ಗೊತ್ತಾದದ್ದು ಎಷ್ಟೋ ವಾರ ಆದಮೇಲೆ.

ಮಧ್ಯೆ ಒಂದು ಮಾತು. ನನ್ನ ಕತೆ ಕೇಳಿದ ಕೆಲವರು, "ನೋಡಿ ಸಿಸ್ಟರ್, ನೀವು ಆಫ್ರಿಕಾಕ್ಕೆ ಹೋಗಲಿಲ್ಲ, ದೇವರು ಆಫ್ರಿಕಾವನ್ನೇ ನಿಮ್ಮ ಹತ್ತಿರ ತಂದ" ಅನ್ನುತ್ತಾರೆ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಜನರ ಬಗ್ಗೆ ಆ ಮಾತು. ಅವರ ಹಿರಿಯರನ್ನು ಶತಮಾನಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ಹಡಗಿನಲ್ಲಿ ತಂದಿದ್ದರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ನಮ್ಮವರೂ ಇದ್ದಾರೆ.  ದೇವರು ಆಫ್ರಿಕಾವನ್ನೇ ತಂದ ಅನ್ನುವ ಆ ಮಾತು ನನಗೆ ಹಿಡಿಸುವುದಿಲ್ಲ. ನನ್ನ ಆಸೆ ತೀರಿಸಲಿಕ್ಕೆ ಅವರ ಹಿರಿಯರನ್ನು ಹಡಗು ಹತ್ತಿಸಬೇಕಿತ್ತಾ? ತಪ್ಪು ನಾನೂ ಮಾಡಿದ್ದೇನೆ. ಹಳಿಯಾಳದ ಕಡೆ ಒಂದು ಆರೋಗ್ಯ ಶಿಬಿರಕ್ಕೆ ಹೋದಾಗ ಸಿದ್ದಿ ಹೆಂಗಸೊಬ್ಬಳಿಗೆ ಉತ್ಸಾಹದಲ್ಲಿ 'ಹಬಾರಿ' ಅಂದುಬಿಟ್ಟೆ, ಸ್ವಾಹಿಲಿಯಲ್ಲಿ 'ಹೇಗಿದ್ದೀರಿ' ಅಂತ. ಅವಳು ನನ್ನ ಮುಖ ನೋಡಿ, "ಏನಂದ್ರಿ ಸಿಸ್ಟರ್? ಕನ್ನಡದಾಗ ಹೇಳ್ರಿ" ಅಂದಳು. ಅವತ್ತಿನಿಂದ ಸ್ವಾಹಿಲಿ ಬಂದ್.

ಮಿಷನರಿ ಅಂದ ತಕ್ಷಣ ಜನ ಕೇಳುವುದು ಇನ್ನೊಂದು: "ಮತಾಂತರ ಮಾಡಲಿಕ್ಕೆ ಬಂದಿದ್ದೀರಾ?" ನೇರವಾಗಿ ಕೇಳಿದವರಿಗೆ ನೇರವಾಗಿ ಹೇಳುತ್ತೇನೆ. ನಾನು ಬಂದಿರುವುದು ಗಾಯ ತೊಳೆಯಲಿಕ್ಕೆ. ಯಾಕೆ ತೊಳೆಯುತ್ತೀರಿ ಅಂತ ಕೇಳಿದರೆ ಯೇಸುಸ್ವಾಮಿಯ ಹೆಸರು ಹೇಳುತ್ತೇನೆ. ಕೇಳದಿದ್ದರೆ ಪಟ್ಟಿ ಕಟ್ಟಿ ಎದ್ದು ಬರುತ್ತೇನೆ.

ನನ್ನ ಕೆಲಸ ಮನೆ ಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡುವುದು. ಕ್ಯಾನ್ಸರ್, ಪಾರ್ಶ್ವವಾಯು, ಸಕ್ಕರೆ ಕಾಯಿಲೆಯ ಕಾಲು. ನಮ್ಮ ಮನೆ ಕಾರವಾರ ಪೇಟೆಯ ಕಡೆ, ಜಾಸ್ತಿ ರೋಗಿಗಳು ಕಾಳಿ ನದಿಯ ಆಚೆ, ಸದಾಶಿವಗಡ, ದೇವಬಾಗ, ಮಾಜಾಳಿ ಕಡೆ. ದಿನಾ ಸೇತುವೆ ದಾಟಬೇಕು.

2024ರ ಹೊತ್ತಿಗೆ ನನ್ನದು ಹೊಸ ಯೋಜನೆ ಸಿದ್ಧವಾಗಿತ್ತು. ಹೌದು, ಬುದ್ಧಿ ಬರಲಿಲ್ಲ! ನದಿಯ ಆಚೆ ಒಂದು ಬಾಡಿಗೆ ಮನೆ, ನಾಲ್ಕು ಮಂಚ, ಕೊನೆಯ ದಿನಗಳಲ್ಲಿ ಇರುವವರನ್ನು ಅಲ್ಲೇ ಇಟ್ಟು ನೋಡಿಕೊಳ್ಳುವುದು. ಮಂಚಕ್ಕೆ ದುಡ್ಡು ಕೂಡಿತ್ತು, ಪರದೆಯ ಬಟ್ಟೆ ಕೂಡ ತಂದಿದ್ದೆ. ಜುಲೈನಲ್ಲಿ ಮನೆಯವರು ಮಾತು ಹಿಂದೆ ತೆಗೆದುಕೊಂಡರು. 'ಸಾಯುವವರ ಮನೆ' ನಮ್ಮ ಓಣಿಯಲ್ಲಿ ಬೇಡ ಅಂತ ಅಕ್ಕಪಕ್ಕದವರು ಹೇಳಿದರಂತೆ. ಅದೇ ತಿಂಗಳು 16ಕ್ಕೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿಯಿತು. ಆ ಗುಡ್ಡದ ಕೆಳಗೆ ಹೋದವರನ್ನು ನನ್ನ ಯೋಜನೆ ಕೆಟ್ಟ ಕತೆಯ ಜೊತೆ ಸೇರಿಸಿ ಬರೆಯಲು ಮನಸ್ಸಾಗುವುದಿಲ್ಲ. ಮನೆ ಹೋಯಿತು ಅಂತ ನಾನು ಅಳುತ್ತಿದ್ದದ್ದು ಅವತ್ತಿಗೆ ನಿಂತಿತು ಅಂತಷ್ಟೇ ಹೇಳುತ್ತೇನೆ.

ಆಗ ದೇವಬಾಗದಲ್ಲಿ ನನಗೊಬ್ಬ ಅಜ್ಜಿ ಇದ್ದಳು. ಮೀನು ಮಾರಿ ಮಕ್ಕಳನ್ನು ಸಾಕಿದವಳು. ಸೊಂಟದ ಕೆಳಗೆ ಬೆನ್ನಹುಣ್ಣು, ಅಂಗೈ ಅಗಲ. ಸೊಸೆ ಗೋವಾದಲ್ಲಿ ಕೆಲಸಕ್ಕೆ. ಮನೆಯಲ್ಲಿ ಇದ್ದವನು ಮಗ ಒಬ್ಬನೇ. ಬೋಟಿನಲ್ಲಿ ಹೋಗುವವನು, ಜೂನ್ ಜುಲೈ ಎರಡು ತಿಂಗಳು ಮೀನುಗಾರಿಕೆ ಬಂದ್ ಆದ್ದರಿಂದ ಮನೆಯಲ್ಲೇ ಇದ್ದ. ಅವನಿಗೆ ಡ್ರೆಸಿಂಗ್ ಕಲಿಸೋಣ ಅಂದರೆ ಅಜ್ಜಿ ಸುತರಾಂ ಒಪ್ಪಲಿಲ್ಲ. ಮಗ ನೋಡುವ ಜಾಗವಾ ಅದು? ಅವನೂ ಬಾಗಿಲಲ್ಲೇ ನಿಂತು ಕಾಲ ಹೆಬ್ಬೆರಳು ನೋಡುತ್ತಿದ್ದ.

ನಾನು ಪರದೆಗೆ ತಂದಿದ್ದ ಬಟ್ಟೆಯಲ್ಲಿ ಒಂದು ತುಂಡು ತೆಗೆದುಕೊಂಡೆ. ನಡುವೆ ಗಾಯದ ಅಳತೆಗೆ ಕಿಟಕಿ ಕತ್ತರಿಸಿದೆ. ಅದನ್ನು ಅಜ್ಜಿಯ ಮೇಲೆ ಹೊದಿಸಿದರೆ ಗಾಯ ಬಿಟ್ಟು ಬೇರೇನೂ ಕಾಣುವುದಿಲ್ಲ. ಅಜ್ಜಿ ಕೈಯಿಂದ ಮುಟ್ಟಿ ಮುಟ್ಟಿ ನೋಡಿ, ಗೋಡೆಯ ಕಡೆ ಮುಖ ತಿರುಗಿಸಿ, "ಹ್ಞೂಂ" ಅಂದಳು.

ಕಲಿಸಿದ್ದು ಇಷ್ಟು. ಅರ್ಧ ಲೀಟರ್ ನೀರು ಚೆನ್ನಾಗಿ ಕುದಿಸಿ, ಒಂದು ಟೀ ಚಮಚ ಉಪ್ಪು ಹಾಕಿ, ಮುಚ್ಚಿಟ್ಟು ಆರಿಸಬೇಕು. ಅಂಟಿಕೊಂಡ ಹಳೆ ಗಾಜ್ ಕೀಳಬಾರದು, ಈ ನೀರು ಹನಿಸಿ ನೆನೆಸಿದರೆ ತಾನೇ ಬಿಟ್ಟುಕೊಳ್ಳುತ್ತದೆ. ಅದೇ ನೀರಿನಿಂದ ತೊಳೆಯಬೇಕು. ವಾಸನೆಗೆ ಡಾಕ್ಟರ್ ಬರೆದುಕೊಟ್ಟ ಮೆಟ್ರೊನಿಡಜೋಲ್ ಮಾತ್ರೆಯ ಪುಡಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಗಡಿಯಾರ ನೋಡು ಅಂದರೆ ಮರೆಯುತ್ತಾನೆ, ಹಾಗಾಗಿ ಟಿ.ವಿ. ಸೀರಿಯಲ್‌ಗಳ ಲೆಕ್ಕದಲ್ಲಿ ಹೇಳಿಕೊಟ್ಟೆ. ಬಲೆ ಹೆಣೆಯುವ ಕೈ ಅದು. ಗಾಜ್ ಮಡಿಸುವುದರಲ್ಲಿ ನನಗಿಂತ ಚೊಕ್ಕ. ಆದರೂ ನಾನಿದ್ದಾಗ ಮಾತ್ರ ಮಾಡುತ್ತಿದ್ದ, ಒಬ್ಬನೇ ಮಾಡಲು ಹೆದರಿಕೆ.

ಆಗಸ್ಟ್ 7, ಬುಧವಾರ. ಹಿಂದಿನ ರಾತ್ರಿ ಒಂದು ಗಂಟೆ ಸುಮಾರಿಗೆ ಕಾಳಿಯ ಹಳೆ ಸೇತುವೆ ಕುಸಿದುಬಿತ್ತು. ಒಂದು ಲಾರಿ ನದಿಗೆ ಬಿತ್ತು, ಚಾಲಕನನ್ನು ಬದುಕಿಸಿದರು, ಅದರಲ್ಲಿ ಮೀನುಗಾರರ ಕೈಯೂ ಇತ್ತು. ಪಕ್ಕದ ಹೊಸ ಸೇತುವೆಯ ಮೇಲೂ ಬೆಳಿಗ್ಗೆ ವಾಹನ ಬಿಡುತ್ತಿರಲಿಲ್ಲ. ನಾನು ಡಬ್ಬ ಹಿಡಿದು ಈಚೆ ದಡದಲ್ಲಿ ನಿಂತಿದ್ದೆ. ಮಧ್ಯದಲ್ಲಿ ತುಂಡಾದ ಸೇತುವೆ, ಕೆಳಗೆ ಕೆಂಪು ನೀರು. ಜಪಸರ ಕೈಯಲ್ಲಿತ್ತು, ಆದರೆ ಎಣಿಸುತ್ತಿದ್ದದ್ದು ಗಂಟೆ. ನಿನ್ನೆ ಬೆಳಿಗ್ಗೆ ಕಟ್ಟಿದ ಪಟ್ಟಿ, ಇಪ್ಪತ್ತಾರು ಗಂಟೆ ಆಯಿತು.

ಫೋನ್ ಮಾಡಿದೆ. "ತಮ್ಮಾ, ನಾನು ಬರುವುದು ತಡ ಆಗ್ತದೆ."

"ಆಯ್ತು ಸಿಸ್ಟರ್. ನಾನೇ ಬಿಚ್ಚಿ ತೊಳೆದೆ. ಆಯಿ ಬೈದಳು, ಕೈ ತಣ್ಣಗಿದೆ ಅಂತ."

ಇಲ್ಲಿನ ಕ್ರೈಸ್ತರ ಬಾಯಲ್ಲಿ 'ದೆವಾಚಿ ಖುಶಿ' ಅನ್ನುವ ಮಾತು ಸದಾ ಇರುತ್ತದೆ. ದೇವರ ಇಷ್ಟ. ನನಗೆ ಈ ಮಾತಿನ ಮೇಲೆ ಸ್ವಲ್ಪ ಅನುಮಾನ ಇದೆ. ಮಗ್ಗುಲು ಬದಲಿಸದೆ ಹುಣ್ಣಾದಮೇಲೆ ದೆವಾಚಿ ಖುಶಿ ಅಂದವರಿಗೆ ನಾನು ಬೈದಿದ್ದೇನೆ. ಆದರೆ ಅವತ್ತು ಆ ದಡದಲ್ಲಿ ನನಗೆ ಸಿಕ್ಕಿದ ಮಾತೂ ಅದೊಂದೇ.

ಬಾಡಿಗೆ ಮನೆ ಹುಡುಕುವುದನ್ನು ಬಿಟ್ಟೆ. ಮಂಚದ ದುಡ್ಡಿಗೆ, ಕೊಟ್ಟವರ ಒಪ್ಪಿಗೆ ಕೇಳಿ, ಗಾಜ್, ಗಾಳಿ ಹಾಸಿಗೆ, ಒಂದಿಷ್ಟು ಸ್ಟೀಲ್ ಪಾತ್ರೆ ತಂದೆವು. ಪರದೆ ಬಟ್ಟೆಯೆಲ್ಲ ಕಿಟಕಿ ಕತ್ತರಿಸಿದ ಹೊದಿಕೆಗಳಾದವು. ಈಗ ಒಂಬತ್ತು ಮನೆಗಳಲ್ಲಿ ಮನೆಯವರೇ ಡ್ರೆಸಿಂಗ್ ಮಾಡುತ್ತಾರೆ. ಇದು ನಾಲ್ಕು ಮಂಚದ ಮನೆಗಿಂತ ಒಳ್ಳೆಯದಾಯಿತಾ? ಕೆಲವರಿಗೆ ಹೌದು. ಮನೆಯಲ್ಲಿ ಯಾರೂ ಇಲ್ಲದ ಇಬ್ಬರಿಗೆ ಇಲ್ಲ. ಅವರನ್ನು ನೆನೆದರೆ ಆ ಮಂಚಗಳು ಬೇಕಿತ್ತು ಅಂತ ಇವತ್ತಿಗೂ ಅನಿಸುತ್ತದೆ, ದೇವರಿಗೂ ಹಾಗೇ ಹೇಳುತ್ತೇನೆ. ದೇವಬಾಗದ ಅಜ್ಜಿ ಅಕ್ಟೋಬರ್‌ನಲ್ಲಿ ತೀರಿಕೊಂಡಳು. ಹುಣ್ಣು ಮುಕ್ಕಾಲು ಒಣಗಿತ್ತು.

ಅದೇ ಡಿಸೆಂಬರ್‌ನಲ್ಲಿ ಹಳೆ ಗೋವಾಕ್ಕೆ ಹೋದೆವು. ಹತ್ತು ವರ್ಷಕ್ಕೊಮ್ಮೆ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಶರೀರವನ್ನು ದರ್ಶನಕ್ಕೆ ಇಡುತ್ತಾರೆ. ಗೋವಾದವರು ಅವರನ್ನು 'ಗೋಯ್ಚೊ ಸಾಯ್ಬ್', ಗೋವಾದ ಒಡೆಯ, ಅನ್ನುತ್ತಾರೆ. ನಮ್ಮ ಊರ ಕಡೆ ಅವರು ಚೌರಪ್ಪ. ನಮ್ಮ ತಾತನ ಹೆಸರೂ ಅದೇ.

ಸಾಲು ಬಹಳ ಉದ್ದ ಇತ್ತು. ಬಿಸಿಲು. ಜೊತೆಗಿದ್ದ ಚಿಕ್ಕ ಸಿಸ್ಟರ್‌ಗೆ ಕತೆ ಹೇಳುತ್ತಾ ನಿಂತೆ. ಭಾರತಕ್ಕೆ ಹೊರಡಬೇಕಾಗಿದ್ದವರು ಕ್ಸೇವಿಯರ್ ಅಲ್ಲ. ಬೊಬಾಡಿಲ್ಲಾ ಅಂತ ಅವರ ಸಂಗಾತಿ. ಅವರಿಗೆ ಕಾಯಿಲೆ ಬಂತು. 1540ರಲ್ಲಿ ಇದ್ದಕ್ಕಿದ್ದ ಹಾಗೆ ಇವರನ್ನು ಕಳಿಸಿದರು. 1542ರ ಮೇ ತಿಂಗಳಲ್ಲಿ ಗೋವಾ ತಲುಪಿದರು. ಹತ್ತು ವರ್ಷ ಕಳೆದ ಮೇಲೆ ಚೀನಾಕ್ಕೆ ಹೋಗಬೇಕೆಂದು ಹೊರಟು, ಎದುರಿಗೇ ಚೀನಾದ ನೆಲ ಇರುವ ಒಂದು ದ್ವೀಪದಲ್ಲಿ ದೋಣಿಗೆ ಕಾದರು. ದೋಣಿ ಬರಲಿಲ್ಲ. ಅಲ್ಲೇ ಜ್ವರ ಬಂದು ತೀರಿಕೊಂಡರು, 1552ರ ಡಿಸೆಂಬರ್ 3ಕ್ಕೆ.

"ಆಮೇಲೆ?" ಅಂದಳು ಚಿಕ್ಕ ಸಿಸ್ಟರ್.

"ಆಮೇಲೆ ಏನು, ಅಷ್ಟೇ. ಬರಲಿಲ್ಲ."

ಅಷ್ಟರಲ್ಲಿ ನನ್ನ ಫೋನ್ ಗುಂಯ್‌ಗುಟ್ಟಿತು. ಮಾಜಾಳಿಯ ಹೊಸ ಮನೆ. ಹೆಂಡತಿಗೆ ಹಿಂದಿನ ದಿನವಷ್ಟೇ ಡ್ರೆಸಿಂಗ್ ಕಲಿತಿದ್ದ ಗಂಡ. ನಾನು ಸಾಲು ಬಿಟ್ಟು ಮರದ ನೆರಳಿಗೆ ಬಂದೆ.

"ಸಿಸ್ಟರ್, ಉಪ್ಪು ಒಂದು ಚಮಚ ಅಂದ್ರಿ. ತುಂಬಿ ಹಾಕೋದಾ?"

"ಇಲ್ಲ ಅಣ್ಣಾ, ಮಟ್ಟ ಮಾಡಿ. ಬೆರಳಿನಿಂದ ಸವರಿ, ಗೋಪುರ ಬೇಡ. ನೀರು ಕುದೀತಾ?"

"ಕುದೀತಾ ಇದೆ."

"ಹಾಗಾದ್ರೆ ಹಾಕಿ. ನಾನು ಫೋನಲ್ಲೇ ಇರ್ತೀನಿ."