ಗ್ರಾಹಕರು ಕಟ್ಟದ ಹಫ್ತಾ ನಮ್ಮ ಪಗಾರದಲ್ಲಿ ಕಟ್ ಆದಾಗ: ಹಣ ವಾಪಸ್ ಪಡೆದ ಕ್ರಮ

ಪುಣೆಯ ಯರವಡಾ, ಜನತಾ ವಸಾಹತ್, ಹಡಪ್ಸರ್, ಭೋಸರಿ ಕಡೆಯ ಬಸ್ತಿಗಳಲ್ಲಿ (ಬಡವರ ಕೇರಿಗಳಲ್ಲಿ) ಮೈಕ್ರೋಫೈನಾನ್ಸ್ ಹಫ್ತಾ, ಅಂದರೆ ಸಾಲದ ವಾರದ ಕಂತು, ವಸೂಲಿಗೆ ಕನ್ನಡ ಬಲ್ಲ ಹುಡುಗರನ್ನು ಬೇಕೆಂದೇ ತೆಗೆದುಕೊಳ್ಳುತ್ತಾರೆ. ಸಾಲ ಪಡೆದವರಲ್ಲಿ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ, ಮನೆಗೆಲಸಕ್ಕೆ ಬಂದ ಹೆಣ್ಣುಮಕ್ಕಳು ಬಹಳ. ಅವರು ಯುಗಾದಿಗೋ ಜಾತ್ರೆಗೋ ಮುಂಗಾರು ಬಿತ್ತನೆಗೋ ಊರಿಗೆ ಹೋದರೆ ಎರಡು ಮೂರು ವಾರದ ಹಫ್ತಾ ನಿಲ್ಲುತ್ತದೆ. ನಿಂತದ್ದನ್ನು ಫೀಲ್ಡ್ ಆಫೀಸರ್‌ (ವಸೂಲಿಗೆ ಹೋಗುವ ನಮ್ಮಂಥವರ) ಪಗಾರದಿಂದ ಹಿಡಿಯುವುದು ಈ ಲೈನಿನಲ್ಲಿ ಎಷ್ಟು ರೂಢಿಯಾಗಿದೆ ಎಂದರೆ ಹೊಸದಾಗಿ ಸೇರಿದವರು ಅದನ್ನೇ ನಿಯಮ ಅಂದುಕೊಳ್ಳುತ್ತಾರೆ. ನನ್ನ ಪಗಾರದಿಂದ ಹೀಗೆ ಹೋದ ಹಣವನ್ನು ವಾಪಸ್ ಪಡೆಯಲು ಹಿಡಿದ ದಾರಿಯನ್ನೂ, ಆಮೇಲೆ ಜೊತೆಯವರಿಗೆ ಅರ್ಜಿ ಬರೆದುಕೊಡುವಾಗ ಕಂಡದ್ದನ್ನೂ ಸೇರಿಸಿ ಇಲ್ಲಿ ಇಟ್ಟಿದ್ದೇನೆ.

ಮೊದಲು ಒಂದು ವಿಷಯ ಗಟ್ಟಿಯಾಗಿ ತಲೆಯಲ್ಲಿರಬೇಕು. ಗ್ರಾಹಕರಿಂದ ತೆಗೆದುಕೊಂಡು ಬ್ರಾಂಚಿಗೆ ಕಟ್ಟದ ಹಣ ಬೇರೆ, ಗ್ರಾಹಕರು ಕೊಡದೇ ಇದ್ದ ಹಣ ಬೇರೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆ, 2019ರ ಕಲಂ 18 ಯಾವ ಯಾವ ಕಡಿತ ಮಾಡಬಹುದು ಎಂದು ಪಟ್ಟಿ ಕೊಡುತ್ತದೆ. ಪಟ್ಟಿಯಲ್ಲಿಲ್ಲದ ಕಡಿತಕ್ಕೆ ಅವಕಾಶವೇ ಇಲ್ಲ. ಅದರಲ್ಲಿ ನಮಗೆ ಹತ್ತಿರ ಬರುವುದು ಒಂದೇ: ನೌಕರ ಲೆಕ್ಕ ಒಪ್ಪಿಸಬೇಕಾದ ಹಣ ಕಳೆದುಹೋಗಿ, ಆ ನಷ್ಟ ನೇರವಾಗಿ ಅವನ ಅಲಕ್ಷ್ಯದಿಂದಲೋ ತಪ್ಪಿನಿಂದಲೋ ಆಗಿದ್ದರೆ ಹಿಡಿಯಬಹುದು. ಕೈಗೆ ಬಾರದ ಹಣಕ್ಕೆ ಲೆಕ್ಕ ಒಪ್ಪಿಸುವ ಮಾತೇ ಬರುವುದಿಲ್ಲ. ಕಲಂ 21ರ ಪ್ರಕಾರ ಅಂಥ ನಷ್ಟ ಹಿಡಿಯುವ ಮೊದಲೂ ಕಾರಣ ಹೇಳಲು ನೌಕರನಿಗೆ ಅವಕಾಶ ಕೊಡಲೇಬೇಕು. 1936ರ ವೇತನ ಪಾವತಿ ಕಾಯ್ದೆಯಲ್ಲೂ ಇದೇ ಇತ್ತು, ಕಲಂ 7 ಮತ್ತು 10 ಎಂದು.

ಎಚ್‌ಆರ್‌ನವರು ಎದುರು ಹಾಕುವ ಮಾತು, 'ಅರ್ಧ ಪಗಾರದ ತನಕ ಕಟ್ ಮಾಡಲು ಕಾನೂನು ಬಿಟ್ಟಿದೆ' ಅನ್ನುವುದು. 50 ಪರ್ಸೆಂಟ್ ಅನ್ನುವುದು ಕಾನೂನುಬದ್ಧವಾದ ಕಡಿತಗಳೆಲ್ಲ ಸೇರಿದರೂ ದಾಟಬಾರದ ಮೇಲ್ಮಿತಿ. ಪಟ್ಟಿಯಲ್ಲಿಲ್ಲದ ಕಡಿತ 1 ರೂಪಾಯಿ ಇದ್ದರೂ ತಪ್ಪೇ. 'ದಂಡ ಹಾಕಿದ್ದೇವೆ' ಎಂದರೆ ಅದಕ್ಕೂ ಲೆಕ್ಕವಿದೆ. ದಂಡ ಆ ತಿಂಗಳ ವೇತನದ 3 ಪರ್ಸೆಂಟ್ ಮೀರುವಂತಿಲ್ಲ, ಕಂತಿನಲ್ಲಿ ಹಿಡಿಯುವಂತಿಲ್ಲ, 90 ದಿನ ಕಳೆದ ಮೇಲೆ ಹಿಡಿಯುವಂತಿಲ್ಲ, ಯಾವ ತಪ್ಪಿಗೆ ದಂಡ ಎಂದು ಸರ್ಕಾರದ ಒಪ್ಪಿಗೆ ಪಡೆದು ಮೊದಲೇ ನೋಟಿಸ್ ಹಾಕಿರಬೇಕು. 18,000 ಪಗಾರದವನಿಗೆ ದಂಡ 540 ದಾಟುವಂತಿಲ್ಲ. ಪೇ ಸ್ಲಿಪ್‌ನಲ್ಲಿ 5,400 ಕಟ್ ಆಗಿದ್ದರೆ ಅದು ದಂಡವೆಂಬ ವಾದ ಅಲ್ಲಿಗೇ ಮುಗಿಯಿತು.

ಕಡಿತ ಯಾವಾಗಲೂ ಪೇ ಸ್ಲಿಪ್‌ನಲ್ಲಿ ಕಾಣುವುದಿಲ್ಲ. ಕಂಡರೆ ಸುಲಭ, 'ಅದರ್ ರಿಕವರಿ', 'ಶಾರ್ಟ್ ಕಲೆಕ್ಷನ್' ಎಂದಿರುತ್ತದೆ. ಕೆಲಸ ಬಿಟ್ಟಾಗ ಕೊನೆಯ ಲೆಕ್ಕ ಹಿಡಿದಿಡುವುದು ಇನ್ನೊಂದು ಬಗೆ. ರಾಜೀನಾಮೆ ಆದರೂ ವಜಾ ಆದರೂ ಎರಡು ಕೆಲಸದ ದಿನದೊಳಗೆ ವೇತನ ಕೊಡಬೇಕು, 'ಓಡಿ (ಓವರ್‌ಡ್ಯೂ, ಗ್ರಾಹಕರ ಬಾಕಿ) ಕ್ಲಿಯರ್ ಆಗಲಿ, ಆಮೇಲೆ ನೋಡೋಣ' ಎನ್ನುವಂತಿಲ್ಲ. ಇನ್ಸೆಂಟಿವ್ ವಿಷಯ ಬೇರೆ, ಅಲ್ಲಿ ನಮ್ಮ ಕೈ ಅಷ್ಟು ಬಲವಿಲ್ಲ. ಟಾರ್ಗೆಟ್ ಮುಟ್ಟದಿದ್ದರೆ ಇನ್ಸೆಂಟಿವ್ ಇಲ್ಲ ಎಂದು ಸ್ಕೀಮಿನಲ್ಲೇ ಬರೆದಿದ್ದರೆ ಅದನ್ನು ಕಡಿತ ಅನ್ನಲು ಬರುವುದಿಲ್ಲ, ಕಮಿಷನ್ನನ್ನು ಸಂಹಿತೆ ವೇತನದ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಅರ್ಜಿಯಲ್ಲಿ ಅದನ್ನು ಮೂಲ ಪಗಾರದ ಕಡಿತದ ಜೊತೆ ಬೆರೆಸಿದರೆ ಗಟ್ಟಿ ಬೇಡಿಕೆಯೂ ಸಡಿಲವಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ನಡೆಯುವುದು, ಎಲ್ಲಕ್ಕಿಂತ ಕೆಟ್ಟದ್ದು, ಸಂಜೆ ಕೈಯಿಂದ ತುಂಬಿಸುವುದು. ಬ್ರಾಂಚಿನ ಕಲೆಕ್ಷನ್ 100 ಪರ್ಸೆಂಟ್ ತೋರಿಸಬೇಕು. 'ಇವತ್ತು ನೀನು ಹಾಕು, ನಾಳೆ ಆ ಬಾಯಿ (ಗ್ರಾಹಕಿ) ಕಡೆಯಿಂದ ತಗೋ' ಎಂದು ಮ್ಯಾನೇಜರ್ ಹೇಳುತ್ತಾರೆ. 1,200 ರೂಪಾಯಿ ನಮ್ಮ ಜೇಬಿನಿಂದ ಹೋಗುತ್ತದೆ, ಸಿಸ್ಟಂನಲ್ಲಿ ಗ್ರಾಹಕಿ ಕಟ್ಟಿದಂತೆ ಬೀಳುತ್ತದೆ. ಆ ಕ್ಷಣಕ್ಕೆ ನಮ್ಮ ಪುರಾವೆ ಸತ್ತಿತು. ಮರುವಾರ ಆ ಗ್ರಾಹಕಿ ಎರಡು ಹಫ್ತಾ ಬದಲು ಒಂದೇ ಕೊಟ್ಟರೆ ಕಂಪನಿ ದಾಖಲೆಯಲ್ಲಿ ಬಾಕಿಯೇ ಇಲ್ಲ, ನಮ್ಮ ಹಣ ಕೇಳಲು ನೆಲೆಯೇ ಇಲ್ಲ. ಮೇಲಾಗಿ ಸುಳ್ಳು ರಸೀದಿ ಮಾಡಿದವರು ನಾವೇ ಆಗುತ್ತೇವೆ. ಇದನ್ನು ಮೊದಲ ದಿನದಿಂದಲೇ ಒಪ್ಪಬೇಡಿ.

ಆಗಲೇ ತುಂಬಿದ್ದರೂ ದಾರಿ ಇದೆ. ನೌಕರನು ಮಾಲೀಕನಿಗೋ ಅವನ ಏಜೆಂಟನಿಗೋ ಕೊಟ್ಟ ಹಣವನ್ನೂ ವೇತನದ ಕಡಿತವೆಂದೇ ಎಣಿಸಬೇಕು ಎಂದು ಕಲಂ 18(1)ರ ವಿವರಣೆ ಹೇಳುತ್ತದೆ. ಈ ಒಂದು ಸಾಲು ನಮ್ಮ ಲೈನಿನವರಿಗೆ ಬಹಳ ದೊಡ್ಡದು, ಗೊತ್ತಿರುವವರು ಕಡಿಮೆ. ಹಣ ನಮ್ಮದೇ ಎಂದು ತೋರಿಸಬೇಕು, ಅಷ್ಟೆ. ನಮ್ಮ ಖಾತೆಯಿಂದ ಯುಪಿಐ ಮಾಡಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಸಾಕು. ನಗದಾಗಿದ್ದರೆ ಅದೇ ಸಂಜೆ ಎಟಿಎಂನಿಂದ ತೆಗೆದ ಎಂಟ್ರಿ, ಮ್ಯಾನೇಜರ್‌ಗೆ ಅದೇ ಹೊತ್ತಿಗೆ ಹಾಕಿದ ವಾಟ್ಸಾಪ್ ಎರಡೂ ಬೇಕು. ಮೆಸೇಜ್ ಹೀಗಿದ್ದರೆ ಕೆಲಸಕ್ಕೆ ಬರುತ್ತದೆ: 'ಸರ್, ನೀವು ಹೇಳಿದಂತೆ ಸೆಂಟರ್ 14ರ ಬಾಕಿ 1,200 ರೂಪಾಯಿ ನನ್ನ ಹಣದಿಂದ ತುಂಬಿದ್ದೇನೆ.' ಅವರು 'ಓಕೆ' ಎಂದರೂ ಸಾಕು, ಎಮೋಜಿ ಹಾಕಿದರೂ ಸಾಕು. ಮೆಸೇಜನ್ನು ಡಿಲೀಟ್ ಆಗುವ ಮೊದಲೇ ಚಾಟ್ ಎಕ್ಸ್‌ಪೋರ್ಟ್ ಮಾಡಿ ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳಿ. ಬರೀ ಸ್ಕ್ರೀನ್‌ಶಾಟ್ ಆದರೆ ಎದುರಿನವರು ತಕರಾರು ತೆಗೆಯುತ್ತಾರೆ.

ದಿನದ ದಾಖಲೆಗೆ ನಾನು ಬಳಸಿದ್ದು 200 ಪುಟದ ಸಾದಾ ನೋಟ್‌ಬುಕ್. ಒಂದು ಸೆಂಟರಿಗೆ (ಒಟ್ಟಿಗೆ ಸೇರಿ ಹಫ್ತಾ ಕಟ್ಟುವ ಗ್ರಾಹಕರ ಗುಂಪಿಗೆ) ಒಂದು ಸಾಲು: ತಾರೀಖು, ಸೆಂಟರ್ ನಂಬರ್, ಡಿಮ್ಯಾಂಡ್ (ಬರಬೇಕಾದ ಹಣ) ಎಷ್ಟು, ಬಂದದ್ದು ಎಷ್ಟು, ಉಳಿದದ್ದು ಎಷ್ಟು, ಕಾರಣ, ಬ್ರಾಂಚಿಗೆ ತಿಳಿಸಿದ ಹೊತ್ತು. ಕೊನೆಯ ಎರಡು ಕಾಲಂಗಳೇ ಪ್ರಾಣ. 'ಕೊಡಲಿಲ್ಲ' ಎಂದಷ್ಟೇ ಬರೆದರೆ ಅಲಕ್ಷ್ಯ ಎಂದು ತಿರುಗಿಸುತ್ತಾರೆ. 'ಊರಿಗೆ ಹೊಂಟೀವ್ರೀ ಸರ, ಬಂದ ಮ್ಯಾಲೆ ಎರಡೂ ಕೂಡಿ ಕೊಡತೀನ್ರೀ' ಎಂದರೆ ಯಾವ ತಾರೀಖಿಗೆ ಬರುತ್ತಾರೆ ಎಂದು ಕೇಳಿ ಸೆಂಟರ್ ರಿಜಿಸ್ಟರ್‌ನಲ್ಲೇ ಬರೆದು ಅವರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಬೇಕು, ಸೆಂಟರ್ ಲೀಡರ್ ಅಕ್ಕನ ಸಹಿಯೂ ಇರಲಿ. ಆ ಹಾಳೆಯ ಫೋಟೋ ಅವತ್ತೇ ಮ್ಯಾನೇಜರ್‌ಗೆ ಹೋಗಬೇಕು.

ಇಲ್ಲಿ ಒಂದು ಎಚ್ಚರ. ಗ್ರಾಹಕರ ಆಧಾರ್, ಫೋನ್ ನಂಬರ್, ಪೂರ್ತಿ ಪಟ್ಟಿಯನ್ನು ಕಂಪನಿ ಆ್ಯಪ್‌ನಿಂದ ತೆಗೆದು ಸ್ವಂತ ಫೋನಿನಲ್ಲಿ ಇಟ್ಟುಕೊಳ್ಳಬೇಡಿ. ಪಗಾರದ ಜಗಳವನ್ನು ಡೇಟಾ ಕಳ್ಳತನದ ಆರೋಪಕ್ಕೆ ತಿರುಗಿಸಲು ಅದೇ ನೆಪವಾಗುತ್ತದೆ. ಸಾಲದ ಖಾತೆಯ ಕೊನೆಯ ನಾಲ್ಕು ಅಂಕಿ ಸಾಕು, ಉಳಿದದ್ದನ್ನು ಮುಂದೆ ಅರ್ಜಿ ವಿಚಾರಿಸುವ ಕಾರ್ಮಿಕ ಇಲಾಖೆಯ ಅಧಿಕಾರಿಯೇ ಕಂಪನಿಯಿಂದ ತರಿಸಬಹುದು. ಹಾಗೆಯೇ ಕೈಗೆ ಬಂದ ಪ್ರತಿ ರೂಪಾಯಿಗೂ ಅಲ್ಲೇ ರಸೀದಿ, ಲೋನ್ ಕಾರ್ಡಿನಲ್ಲಿ ಎಂಟ್ರಿ, ಸಂಜೆ ನೋಟುವಾರು ಚೀಟಿಗೆ ಕ್ಯಾಶಿಯರ್ ಸಹಿ ಇರಲೇಬೇಕು. ಕಡಿತ ಪ್ರಶ್ನಿಸಿದ ಮೇಲೆ 'ದುಡ್ಡು ತಿಂದಿದ್ದಾನೆ' ಎಂದು ಪೊಲೀಸ್ ಬೆದರಿಕೆ ಬರುವುದು ಸಾಮಾನ್ಯ. ಬಂದದ್ದೂ ಕಟ್ಟಿದ್ದೂ ಸರಿಹೊಂದುವ ಚೀಟಿಗಳಿದ್ದರೆ ಆ ಬೆದರಿಕೆಗೆ ಬಲವಿರುವುದಿಲ್ಲ.

ಪತ್ರ ಬರೆಯುವಾಗ ಕೋಪ ಬೇಡ, ಪ್ರಶ್ನೆ ಬೇಕು. ಯಾವ ತಿಂಗಳು ಎಷ್ಟು ಕಟ್ ಆಗಿದೆ, ಯಾವ ಸಾಲದ ಖಾತೆಗೆ, ಸಂಹಿತೆಯ ಯಾವ ಕಲಂ ಪ್ರಕಾರ, ಕಡಿತಕ್ಕೆ ಮೊದಲು ಕೊಟ್ಟ ಕಾರಣ ಕೇಳುವ ನೋಟಿಸ್ ಎಲ್ಲಿ? ಇಷ್ಟೇ. ಕೊನೆಗೆ 15 ದಿನದೊಳಗೆ ಹಣ ವಾಪಸ್ ಹಾಕಿ ಎಂದು ಬರೆದು, ಎಚ್‌ಆರ್‌ಗೆ ಸ್ವಂತ ಇಮೇಲ್‌ನಿಂದ ಕಳಿಸಿ, ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಹಾಕಿ. ಆಫೀಸ್ ಇಮೇಲ್‌ನಿಂದ ಕಳಿಸಿದರೆ ಕೆಲಸ ಹೋದ ದಿನ ಅದೂ ಹೋಗುತ್ತದೆ. ಅದೇ ಪತ್ರಕ್ಕೆ ರಿಸರ್ವ್ ಬ್ಯಾಂಕಿನ ಮೈಕ್ರೋಫೈನಾನ್ಸ್ ನಿರ್ದೇಶನವನ್ನೂ ಸೇರಿಸಿದರೆ ಉತ್ತರ ಬೇಗ ಬರುತ್ತದೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆ ನಿರ್ದೇಶನದ ಪ್ರಕಾರ ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲಿ ನಡೆಯಬೇಕು; ಗ್ರಾಹಕಿ ಸತತ ಎರಡು ಸಲ ಬಾರದಿದ್ದರೆ ಮಾತ್ರ ಮನೆಗೋ ಕೆಲಸದ ಜಾಗಕ್ಕೋ ಹೋಗಬಹುದು; ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಪಗಾರ ಕಟ್ ಆಗುತ್ತದೆಂಬ ಭಯ ಇರುವ ಹುಡುಗ ರಾತ್ರಿ 9 ಗಂಟೆಗೆ ಆ ತಾಯಿಯ ಬಾಗಿಲು ಬಡಿಯುತ್ತಾನೆ. ಅವಳು ಇನ್ನೊಂದು ಕಂಪನಿಯಿಂದ ಸಾಲ ತಂದು ಇದಕ್ಕೆ ಕಟ್ಟುತ್ತಾಳೆ. ನಮ್ಮ ಪಗಾರದ ಕಡಿತ ನಮ್ಮಲ್ಲಿಗೇ ನಿಲ್ಲುವುದಿಲ್ಲ, ಅದಕ್ಕೇ ಇದನ್ನು ಒಬ್ಬೊಬ್ಬರ ಖಾಸಗಿ ತಕರಾರು ಎಂದು ಬಿಡಬಾರದು. ನೌಕರರು ಗ್ರಾಹಕರೊಂದಿಗೆ ನಡೆದುಕೊಳ್ಳುವ ರೀತಿಯೂ ಅವರ ಸಂಭಾವನೆಯ ಲೆಕ್ಕದಲ್ಲಿ ಬರಬೇಕು ಎಂದು ಅದೇ ನಿರ್ದೇಶನ ಹೇಳುತ್ತದೆ.

ಉತ್ತರ ಬಾರದಿದ್ದರೆ ಕಾರ್ಮಿಕ ಇಲಾಖೆ. ಎಲ್ಲಿಗೆ ಹೋಗಬೇಕು ಎಂಬಲ್ಲೇ ಅನೇಕರು ತಿಂಗಳುಗಟ್ಟಲೆ ಕಳೆದುಕೊಳ್ಳುತ್ತಾರೆ. ನಿಮ್ಮ ನೇಮಕಾತಿ ಪತ್ರದಲ್ಲಿ ಮಾಲೀಕ ಎನ್‌ಬಿಎಫ್‌ಸಿ (ಬ್ಯಾಂಕೇತರ ಹಣಕಾಸು ಕಂಪನಿ) ಆಗಿದ್ದರೆ ರಾಜ್ಯದ ಕಾರ್ಮಿಕ ಆಯುಕ್ತರ ಕಚೇರಿ. ಪುಣೆಯಲ್ಲಿ ಅದು ಶಿವಾಜಿನಗರದ ವಾಕಡೇವಾಡಿ ಕಡೆ, ಮುಂಬೈಯಲ್ಲಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನ ಕಾಮಗಾರ್ ಭವನ. ಮಾಲೀಕ ಸ್ಮಾಲ್ ಫೈನಾನ್ಸ್ ಬ್ಯಾಂಕ್ ಆಗಿದ್ದರೆ ಬ್ಯಾಂಕಿಂಗ್ ಕೇಂದ್ರ ಸರ್ಕಾರದ ವ್ಯಾಪ್ತಿಗೆ ಬರುವುದರಿಂದ ಕೇಂದ್ರದ ಪ್ರಾದೇಶಿಕ ಕಾರ್ಮಿಕ ಆಯುಕ್ತರಲ್ಲಿ ಹಾಕಬೇಕು. ಟಿ-ಶರ್ಟ್ ಮೇಲಿನ ಹೆಸರು ನೋಡಬೇಡಿ, ಪಗಾರ ಯಾರ ಖಾತೆಯಿಂದ ಬರುತ್ತದೆ ಅದನ್ನು ನೋಡಿ.

ಅರ್ಜಿ ಮರಾಠಿಯಲ್ಲಿದ್ದರೆ ಟೇಬಲ್ಲಿನಿಂದ ಟೇಬಲ್ಲಿಗೆ ಸಲೀಸಾಗಿ ಹೋಗುತ್ತದೆ. ಮಾತು ಬಂದರೂ ಬರವಣಿಗೆ ಬಾರದವರು ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆಯ ಜೊತೆಗಾರರಿಂದ ಬರೆಸಿಕೊಳ್ಳಿ, ಅಲ್ಲಿ ಎರಡೂ ಬಲ್ಲವರು ಸಿಗುತ್ತಾರೆ. ಜೊತೆಗೆ ನೇಮಕಾತಿ ಪತ್ರ, ಐಡಿ ಕಾರ್ಡ್, ಪೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಕಂಪನಿಗೆ ಹಾಕಿದ ಪತ್ರ, ಎಲ್ಲಕ್ಕಿಂತ ಮೇಲೆ ಒಂದೇ ಹಾಳೆಯ ತಿಂಗಳವಾರು ಕೋಷ್ಟಕ. ಅಧಿಕಾರಿ ಮೊದಲು ನೋಡುವುದು ಆ ಹಾಳೆಯನ್ನೇ. ಪೇ ಸ್ಲಿಪ್ ಕೊಟ್ಟೇ ಇಲ್ಲವಾದರೆ ಅದನ್ನೂ ಬರೆಯಿರಿ, ಕೊಡುವುದು ಮಾಲೀಕನ ಕರ್ತವ್ಯ. ಒಂದೇ ಬ್ರಾಂಚಿನವರು ಹಲವರಿದ್ದರೆ ಎಲ್ಲರೂ ಸೇರಿ ಒಂದೇ ಅರ್ಜಿ ಹಾಕಬಹುದು. ಹಾಗೆ ಮಾಡುವುದೇ ಲೇಸು, ಒಬ್ಬನನ್ನೇ ಬೇರೆ ಬ್ರಾಂಚಿಗೆ ಎತ್ತಿಹಾಕಿ ಹೆದರಿಸುವುದು ಆಗ ಕಷ್ಟ.

ಕಲಂ 45ರ ಅಡಿ ಅರ್ಜಿ ಹಾಕಲು ಈಗ ಮೂರು ವರ್ಷ ಅವಧಿ ಇದೆ. ಹಳೆಯ ಕಾಯ್ದೆಯಲ್ಲಿ 12 ತಿಂಗಳು ಮಾತ್ರ ಇದ್ದುದರಿಂದ 2025ರ ನವೆಂಬರ್ 21ಕ್ಕಿಂತ ಮುಂಚಿನ ಕಡಿತಗಳನ್ನು ಬೇರೆ ಕೋಷ್ಟಕದಲ್ಲಿ ತೋರಿಸಿ, ಅವುಗಳ ಮೇಲಿನ ತಕರಾರು ಹೊಸವನ್ನು ಎಳೆಯಬಾರದು. ಹಿಡಿದ ಹಣದ ಜೊತೆ ಅದರ ಹತ್ತು ಪಟ್ಟಿನ ತನಕ ಪರಿಹಾರ ಕೊಡಿಸುವ ಅಧಿಕಾರ ಅಧಿಕಾರಿಗಿದೆ, ಆದ್ದರಿಂದ ಪರಿಹಾರವನ್ನೂ ಬಿಡದೆ ಕೇಳಿ. ಅಕ್ರಮ ಕಡಿತದ ದೂರಿನಲ್ಲಿ ಬಾಕಿ ಕೊಟ್ಟಾಗಿದೆ ಎಂದು ರುಜುವಾತು ಮಾಡುವ ಭಾರ ಕಲಂ 59ರ ಪ್ರಕಾರ ಮಾಲೀಕನ ಮೇಲಿದೆ.

ವಿಚಾರಣೆಗೆ ಎಚ್‌ಆರ್ ತರುವ ಕಾಗದ ಗೊತ್ತೇ ಇದೆ: ಸೇರುವಾಗ ಸಹಿ ಹಾಕಿಸಿಕೊಂಡ ಮುಚ್ಚಳಿಕೆ, 'ನನ್ನ ಸೆಂಟರ್‌ಗಳ ಬಾಕಿಗೆ ನಾನೇ ಹೊಣೆ' ಎಂದು. ಅದನ್ನು ನೋಡಿ ಗಾಬರಿಯಾಗಿ ಅಲ್ಲೇ ರಾಜಿಗೆ ಒಪ್ಪುವವರನ್ನು ಕಂಡಿದ್ದೇನೆ. ಸಂಹಿತೆಯಡಿ ಸಲ್ಲಬೇಕಾದ ಹಣವನ್ನು ಬಿಟ್ಟುಕೊಡುವ ಒಪ್ಪಂದ ಕಲಂ 60ರ ಪ್ರಕಾರ ಅನೂರ್ಜಿತ. ಹಾಗೆಂದು ಬಾಯಿಮಾತಲ್ಲಿ ಹೇಳಿ ಸುಮ್ಮನಾಗಬೇಡಿ, ಲಿಖಿತ ಉತ್ತರದಲ್ಲಿ ಕಲಂ ನಂಬರ್ ಸಮೇತ ಕೊಡಿ.

ರಾಜಿ ಮಾಡಿಕೊಳ್ಳುವುದೇ ಆದರೆ ಹಣದ ಜೊತೆ ರಿಲೀವಿಂಗ್ ಲೆಟರ್, ಅನುಭವ ಪತ್ರ, ಇಟ್ಟುಕೊಂಡಿರುವ ಮೂಲ ಮಾರ್ಕ್ಸ್ ಕಾರ್ಡ್, ಸಹಿ ಹಾಕಿಸಿಕೊಂಡ ಖಾಲಿ ಚೆಕ್ ನಾಲ್ಕನ್ನೂ ಒಂದೇ ರಾಜಿಪತ್ರದಲ್ಲಿ ಬರೆಸಿ, ಅಧಿಕಾರಿಯ ಎದುರೇ ಸಹಿ ಮಾಡಿ. ಹಣ ಖಾತೆಗೆ ಬೀಳುವ ಮೊದಲು 'ಪೂರ್ಣ ಪಾವತಿಯಾಗಿದೆ' ಎಂಬ ಕಾಗದಕ್ಕೆ ಸಹಿ ಬೇಡ. ಆದೇಶವಾದ ಮೇಲೂ ಕಂಪನಿ ಕೊಡದಿದ್ದರೆ ವಸೂಲಿ ಪ್ರಮಾಣಪತ್ರ ಜಿಲ್ಲಾಧಿಕಾರಿಗೆ ಹೋಗುತ್ತದೆ, ಭೂಕಂದಾಯದ ಬಾಕಿಯಂತೆ ವಸೂಲಾಗುತ್ತದೆ. ಆದೇಶದ ದೃಢೀಕೃತ ಪ್ರತಿಯನ್ನು ಅದಕ್ಕಾಗಿ ಮೊದಲೇ ಎರಡು ತೆಗೆದಿಟ್ಟುಕೊಳ್ಳಿ.